ವೇಷ ಹಾಕುವ ಯಂತ್ರ: ಅಲನ್ ಟ್ಯೂರಿಂಗ್ ಅವರ ಬದುಕು

ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಲಿನಕ್ಸ್ ಯಂತ್ರವಿತ್ತು. ಅದರ ಪರದೆಯ ಮೇಲಿನ ಒಂದು ಚೌಕದೊಳಗೆ ವಿಂಡೋಸ್ ಓಡುತ್ತಿತ್ತು. ಓಡುತ್ತಿತ್ತು ಎಂದರೆ ತಪ್ಪಾದೀತು, ತೆವಳುತ್ತಿತ್ತು. ಯಂತ್ರದ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಎಂಬ ಆಯ್ಕೆಯನ್ನು ಯಾರೋ ಮುಚ್ಚಿಟ್ಟಿದ್ದರು. ಅದನ್ನು ತೆರೆದ ಮೇಲೆ ಎಲ್ಲ ಸರಾಗವಾಯಿತು. ನೋಡುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಒಂದು ಕಂಪ್ಯೂಟರ್ ಇನ್ನೊಂದರಂತೆ ನಟಿಸಬಹುದು ಎಂದು ಮೊದಲು ಕಂಡುಕೊಂಡವರು ಯಾರು ಎಂದು ಕೇಳಿದಳು. ಮುಂದಿನ ವಾರದ ಪಾಠಕ್ಕೆ ನಾನು ಅಲನ್ ಟ್ಯೂರಿಂಗ್ ಅವರ ಜೀವನವನ್ನು ಆರಿಸಿಕೊಂಡದ್ದು ಹೀಗೆ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿ ಸಾರಾ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರರ ಮಗಳು. ತಂದೆತಾಯಿ ಭಾರತಕ್ಕೂ ಇಂಗ್ಲೆಂಡಿಗೂ ಓಡಾಡುತ್ತಿದ್ದಾಗ ಅಲನ್ ಮತ್ತು ಅಣ್ಣ ಜಾನ್ ಹೇಸ್ಟಿಂಗ್ಸ್‌ನಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬೆಳೆದರು. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಲು ಹೊರಟ ದಿನ ದೇಶದಲ್ಲಿ ಸಾರ್ವತ್ರಿಕ ಮುಷ್ಕರ, ರೈಲುಗಳಿಲ್ಲ. ಹದಿಮೂರರ ಹುಡುಗ ಸೌತಾಂಪ್ಟನ್‌ನಿಂದ 60 ಮೈಲಿ ಸೈಕಲ್ ತುಳಿದು, ನಡುವೆ ಒಂದು ರಾತ್ರಿ ತಂಗಿ, ಶಾಲೆ ಮುಟ್ಟಿದ. ಆ ಶಾಲೆಗೆ ಮಾತ್ರ ಅವನು ಹಿಡಿಸಲಿಲ್ಲ. ಅಕ್ಷರ ಕೆಟ್ಟದು, ಲ್ಯಾಟಿನ್ ಬರದು. ಬರೀ ವಿಜ್ಞಾನವೇ ಬೇಕೆಂದಿದ್ದರೆ ಇಲ್ಲಿ ಸಮಯ ಹಾಳು ಎಂಬರ್ಥದ ಪತ್ರವನ್ನು ಮುಖ್ಯೋಪಾಧ್ಯಾಯರು ಮನೆಗೆ ಬರೆದರು. ಪ್ರಗತಿಪತ್ರ ಬರೆಯಲು ಕಲಿಯುತ್ತಿರುವ ನಮ್ಮಂಥವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಶಾಲೆಯಲ್ಲಿ ಅವನ ಗಣಿತದ ಮಾತಿಗೆ ಕಿವಿಗೊಟ್ಟ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. 1930ರ ಫೆಬ್ರವರಿಯಲ್ಲಿ ಅವನು ಕ್ಷಯದಿಂದ ತೀರಿಕೊಂಡ. ಟ್ಯೂರಿಂಗ್ ಬಹುಕಾಲ ಆ ಗೆಳೆಯನ ತಾಯಿಗೆ ಪತ್ರ ಬರೆಯುತ್ತಿದ್ದರು.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ, 1935ರಲ್ಲಿ 22ರ ವಯಸ್ಸಿಗೇ ಅಲ್ಲಿ ಫೆಲೋ ಆದರು. ಅದೇ ವರ್ಷ ಮ್ಯಾಕ್ಸ್ ನ್ಯೂಮನ್ ಅವರ ಉಪನ್ಯಾಸಗಳಲ್ಲಿ ಗಣಿತಜ್ಞ ಹಿಲ್ಬರ್ಟ್ ಅವರ ಒಂದು ಪ್ರಶ್ನೆ ಕೇಳಿದರು. ಯಾವುದೇ ಗಣಿತದ ಹೇಳಿಕೆಯನ್ನು ಕೊಟ್ಟರೂ ಅದು ಸಾಧಿಸಲು ಬರುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವ ಖಚಿತ ಕ್ರಮವಿದೆಯೇ ಎಂಬುದು ಆ ಪ್ರಶ್ನೆ. ಇಲ್ಲ ಎಂದು ತೋರಿಸಲು ಟ್ಯೂರಿಂಗ್ ಮೊದಲು ಕ್ರಮ ಎಂದರೇನು ಎಂದು ಹೇಳಬೇಕಾಯಿತು. ಆಗ ಕಂಪ್ಯೂಟರ್ ಎಂದರೆ ಕುಳಿತು ಲೆಕ್ಕ ಮಾಡುವ ಮನುಷ್ಯ. ಆ ಮನುಷ್ಯ ಏನು ಮಾಡುತ್ತಾನೆ? ಕಾಗದದ ಒಂದು ಚೌಕ ನೋಡುತ್ತಾನೆ, ಏನೋ ಬರೆಯುತ್ತಾನೆ ಅಥವಾ ಅಳಿಸುತ್ತಾನೆ, ಪಕ್ಕದ ಚೌಕಕ್ಕೆ ಹೋಗುತ್ತಾನೆ, ಈಗ ಯಾವ ಹಂತದಲ್ಲಿದ್ದೇನೆ ಎಂದು ನೆನಪಿಡುತ್ತಾನೆ. ಇಷ್ಟನ್ನೇ ಮಾಡುವ ಒಂದು ಯಂತ್ರವನ್ನು ಅವರು ಕಾಗದದ ಮೇಲೆ ಕಲ್ಪಿಸಿದರು. ಅದರ ನಡವಳಿಕೆಯೆಲ್ಲ ಒಂದು ಕೋಷ್ಟಕದಲ್ಲಿ ಅಡಗಿದೆ.

1936ರ ಆ ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಹೆಜ್ಜೆ. ಯಾವ ಯಂತ್ರದ ಕೋಷ್ಟಕವನ್ನಾದರೂ ಸಂಕೇತಗಳಾಗಿ ಬದಲಿಸಿ ಪಟ್ಟಿಯ ಮೇಲೆಯೇ ಬರೆಯಬಹುದು. ಹಾಗೆ ಬರೆದದ್ದನ್ನು ಓದಿಕೊಂಡು ಆ ಯಂತ್ರದಂತೆಯೇ ನಡೆಯುವ ಒಂದೇ ಯಂತ್ರವನ್ನು ಕಟ್ಟಬಹುದು. ಯಕ್ಷಗಾನದ ಕಲಾವಿದ ಇಂದು ರಾವಣ, ನಾಳೆ ಕೌರವ ಆಗುವಂತೆ ಈ ಯಂತ್ರ ಯಾವ ವೇಷವನ್ನಾದರೂ ಹಾಕುತ್ತದೆ. ಇದೇ ಸಾರ್ವತ್ರಿಕ ಯಂತ್ರ. ಆದರೆ ವೇಷಕ್ಕೆ ಬೆಲೆಯಿದೆ. ಮೂಲ ಯಂತ್ರ ಒಂದು ಹೆಜ್ಜೆ ಇಡುವಷ್ಟರಲ್ಲಿ ನಟಿಸುವ ಯಂತ್ರ ಕೋಷ್ಟಕ ಹುಡುಕಿ, ಸಾಲು ಓದಿ, ಹಿಂದಕ್ಕೆ ಬಂದು, ಹತ್ತಾರು ಹೆಜ್ಜೆ ಇಡಬೇಕು. ಗಣಿತಕ್ಕೆ ಇದರ ಚಿಂತೆಯಿರಲಿಲ್ಲ. ಸಾಧ್ಯವೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಯುದ್ಧ ಬಂದಾಗ ವೇಗವೇ ಮುಖ್ಯವಾಯಿತು. 1939ರ ಸೆಪ್ಟೆಂಬರ್ 4ರಂದು ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಸೇರಿದರು. ಜರ್ಮನ್ ಸೇನೆ ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುತ್ತಿತ್ತು. ಪೋಲೆಂಡಿನ ಗಣಿತಜ್ಞರು ಅದನ್ನು ಮೊದಲೇ ಭೇದಿಸಿದ್ದರು. ಅವರ ಕೆಲಸದ ಮೇಲೆ ನಿಂತು ಟ್ಯೂರಿಂಗ್ ಬಾಂಬ್ ಎಂದು ಕರೆಯಲಾದ ಶೋಧಕ ಯಂತ್ರವನ್ನು ರೂಪಿಸಿದರು. ಗಾರ್ಡನ್ ವೆಲ್ಚ್‌ಮನ್ ಅದನ್ನು ಉತ್ತಮಪಡಿಸಿದರು. ಸಾಮಾನ್ಯವಾಗಿ ಒಂದು ಬಾಂಬ್ 36 ಎನಿಗ್ಮಾಗಳಂತೆ ಒಟ್ಟಿಗೆ ನಟಿಸುತ್ತಿತ್ತು. ಇದೂ ಅನುಕರಣೆಯೇ, ಆದರೆ ತಂತಿ ಮತ್ತು ತಿರುಗುವ ಡ್ರಮ್ಮುಗಳಲ್ಲಿ ಹೆಣೆದದ್ದು. ಆದ್ದರಿಂದ ವೇಗ ಹೆಚ್ಚು. ಎನಿಗ್ಮಾದ ಹೊರತು ಬೇರೆ ವೇಷ ಮಾತ್ರ ಅದಕ್ಕೆ ಬಾರದು.

ಯುದ್ಧದ ನಂತರ 1945ರಲ್ಲಿ ಅವರು ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಬಂದು ಏಸ್ ಎಂಬ ಕಂಪ್ಯೂಟರಿನ ವಿನ್ಯಾಸ ಬರೆದರು. ಯಂತ್ರದ ಭಾಗಗಳು ಸರಳವಾಗಿರಲಿ, ಉಳಿದದ್ದನ್ನು ಆದೇಶಗಳ ಕೋಷ್ಟಕಗಳಿಗೆ ಬಿಡೋಣ ಎಂಬುದು ಅವರ ಒಲವು. ಕೆಲಸ ಕುಂಟಿತು. ಬೇಸತ್ತ ಅವರು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಅದರ ಚಿಕ್ಕ ರೂಪವಾದ ಪೈಲಟ್ ಏಸ್ 1950ರ ಮೇ ತಿಂಗಳಲ್ಲಿ ಅವರಿಲ್ಲದೆಯೇ ಓಡಿತು.

ಮ್ಯಾಂಚೆಸ್ಟರ್ ದಿನಗಳ ಒಂದು ಪ್ರಸಂಗ ತರಗತಿಗೆ ಹೇಳಿ ಮಾಡಿಸಿದಂತಿದೆ. ಟ್ಯೂರಿಂಗ್ ಮತ್ತು ಗೆಳೆಯ ಚಾಂಪರ್ನೌನ್ ಚದುರಂಗ ಆಡುವ ಒಂದು ಪ್ರೋಗ್ರಾಮ್ ಬರೆದಿದ್ದರು. ಅದನ್ನು ಓಡಿಸುವ ಶಕ್ತಿಯ ಯಂತ್ರ ಇರಲಿಲ್ಲ. ಆದ್ದರಿಂದ 1952ರಲ್ಲಿ ಟ್ಯೂರಿಂಗ್ ತಾವೇ ಯಂತ್ರವಾದರು. ಎದುರಿಗೆ ಅಲಿಕ್ ಗ್ಲೆನಿ. ಪ್ರತಿ ನಡೆಗೂ ನಿಯಮಗಳನ್ನು ಒಂದೊಂದಾಗಿ ಕಾಗದದ ಮೇಲೆ ಲೆಕ್ಕಹಾಕಲು ಸುಮಾರು ಅರ್ಧ ಗಂಟೆ ಹಿಡಿಯುತ್ತಿತ್ತು. ಕೊನೆಗೆ ಆ ಕಾಗದದ ಯಂತ್ರ ಸೋತಿತು. ನಟನೆಗೆ ತೆರಬೇಕಾದ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಬೋಧನೋಪಕರಣ ನನಗೆ ಸಿಕ್ಕಿಲ್ಲ.

ಆ ಬೆಲೆ ಇಳಿಸುವ ಕೆಲಸವನ್ನು ಟ್ಯೂರಿಂಗ್ ನೋಡಲಿಲ್ಲ. ಅದನ್ನು ನಮ್ಮ ಬೋಧನಾಭ್ಯಾಸದ ಮಾತಿನಲ್ಲೇ ಹೇಳುತ್ತೇನೆ. ಪ್ರಶಿಕ್ಷಣಾರ್ಥಿಯ ಪ್ರತಿ ವಾಕ್ಯವನ್ನೂ ತರಗತಿ ಶಿಕ್ಷಕರು ಕೇಳಿ ತಾವು ಮತ್ತೆ ಹೇಳಿದರೆ ಅದು ಸಾರ್ವತ್ರಿಕ ಯಂತ್ರದ ಪೂರ್ತಿ ಅನುಕರಣೆ. ಪಾಠ ಮುಗಿಯುವುದೇ ಇಲ್ಲ. ಬದಲಾಗಿ ಪಾಠವನ್ನು ಪ್ರಶಿಕ್ಷಣಾರ್ಥಿ ನೇರವಾಗಿ ಮಾಡಲಿ, ಹಾಜರಿ ಪುಸ್ತಕ ಅಥವಾ ರಜೆಯ ವಿಷಯ ಬಂದಾಗ ಮಾತ್ರ ಶಿಕ್ಷಕರು ಒಳಗೆ ಬರಲಿ. ಅತಿಥಿ ಯಂತ್ರವೂ ಆತಿಥೇಯ ಯಂತ್ರವೂ ಒಂದೇ ಜಾತಿಯವಾದರೆ ಹೀಗೆ ಮಾಡಬಹುದು. ಐಬಿಎಂ ಸಂಸ್ಥೆಯ ಕೇಂಬ್ರಿಜ್ ಕೇಂದ್ರ, ಅಂದರೆ ಅಮೆರಿಕದ ಕೇಂಬ್ರಿಜ್, 1967ರ ಹೊತ್ತಿಗೆ ಇದನ್ನು ಮಾಡಿ ತೋರಿಸಿತ್ತು. ಇದಕ್ಕೆ ಪ್ರೊಸೆಸರ್ ಹೇಗಿರಬೇಕು ಎಂದು 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ನಿಖರವಾಗಿ ಬರೆದರು. ಯಂತ್ರದ ಸ್ಥಿತಿಯನ್ನು ಮುಟ್ಟುವ ಪ್ರತಿ ಆದೇಶವೂ, ಅಧಿಕಾರವಿಲ್ಲದವರು ಕೊಟ್ಟಾಗ, ತಡೆದು ನಿಂತು ಮೇಲ್ವಿಚಾರಕ ತಂತ್ರಾಂಶವನ್ನು ಕರೆಯಬೇಕು.

ನಮ್ಮ ಮೇಜಿನ ಮೇಲಿರುವ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳು ಈ ಪರೀಕ್ಷೆಯಲ್ಲಿ ನಪಾಸಾಗಿದ್ದವು. ಪೆಂಟಿಯಂನಲ್ಲಿ ಇಂಥ 17 ಆದೇಶಗಳಿವೆ ಎಂದು 2000ದಲ್ಲಿ ಇಬ್ಬರು ಸಂಶೋಧಕರು ಪಟ್ಟಿ ಮಾಡಿದರು. ಅವುಗಳಲ್ಲಿ ಕೆಲವು ಅಧಿಕಾರವಿಲ್ಲದಿದ್ದರೆ ದೂರು ಕೊಡದೆ ಸುಮ್ಮನಾಗುತ್ತಿದ್ದವು. ಪ್ರಶಿಕ್ಷಣಾರ್ಥಿ ಹಾಜರಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ಕೆಲಸ ಆಯಿತೆಂದುಕೊಂಡಂತೆ: ಯಾರೂ ತಪ್ಪು ಎನ್ನಲಿಲ್ಲ, ಲೆಕ್ಕಕ್ಕೂ ಬರಲಿಲ್ಲ. ವಿಎಂವೇರ್ ಸಂಸ್ಥೆ ಇಂಥ ಆದೇಶಗಳನ್ನು ಓಡುವಾಗಲೇ ಬೇರೆ ಆದೇಶಗಳಾಗಿ ಅನುವಾದಿಸಿ ದಾರಿ ಮಾಡಿಕೊಂಡಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ, ಅತಿಥಿಗೆಂದೇ ಪ್ರತ್ಯೇಕ ಸ್ಥಿತಿಯನ್ನು ಪ್ರೊಸೆಸರ್‌ನೊಳಗೇ ಇಟ್ಟವು. ಆ ಸ್ಥಿತಿಯಲ್ಲಿ ಅತಿಥಿ ತಾನೇ ಯಜಮಾನನೆಂದು ನಂಬಿ ನಡೆಯುತ್ತದೆ. ಗೊತ್ತುಪಡಿಸಿದ ಕೆಲಸಕ್ಕೆ ಕೈಹಾಕಿದಾಗ ಮಾತ್ರ ಹೊರಬರುತ್ತದೆ. ಆದರೆ ಮೊದಮೊದಲು ಹಾಗೆ ಹೊರಬರುವುದೇ ದುಬಾರಿಯಾಗಿತ್ತು. 2006ರಲ್ಲಿ ವಿಎಂವೇರ್‌ನವರು ಅಳೆದಾಗ ಎಷ್ಟೋ ಕೆಲಸಗಳಲ್ಲಿ ಹಳೆಯ ಅನುವಾದವೇ ವೇಗವಾಗಿತ್ತು. ಅತಿಥಿಯ ಮೆಮೊರಿ ವಿಳಾಸಗಳನ್ನೂ ಪ್ರೊಸೆಸರೇ ಪರಿವರ್ತಿಸುವ ಸೌಲಭ್ಯ ಬಂದ ಮೇಲೆ ಹೊರಬರುವ ಸಂದರ್ಭಗಳೇ ಬಹಳ ಕಡಿಮೆಯಾದವು. ಏನನ್ನೂ ಸೇರಿಸದೆ ಎಲ್ಲವೂ ಸಾಧ್ಯ ಎಂದು ಟ್ಯೂರಿಂಗ್ ಸಾಧಿಸಿದ್ದರು. ಸಾಕಷ್ಟು ಬೇಗ ಆಗಬೇಕಾದರೆ ತಂತಿಯಲ್ಲಿ ಏನು ಸೇರಿಸಬೇಕು ಎಂದು ಕಂಡುಕೊಳ್ಳಲು ಸುಮಾರು 70 ವರ್ಷ ಹಿಡಿಯಿತು.

ಇನ್ನು ಅವರ ಕೊನೆ. 1952ರ ಜನವರಿಯಲ್ಲಿ ಮನೆಯಲ್ಲಿ ಕಳ್ಳತನವಾಯಿತೆಂದು ಟ್ಯೂರಿಂಗ್ ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ, ತಮಗೆ ಒಬ್ಬ ಯುವಕನೊಡನೆ ಸಂಬಂಧವಿದೆಯೆಂಬುದನ್ನು ಮುಚ್ಚಿಡಲಿಲ್ಲ. ಗಂಡಸರ ನಡುವಿನ ಅಂಥ ಸಂಬಂಧ ಅಂದಿನ ಇಂಗ್ಲೆಂಡಿನಲ್ಲಿ ಅಪರಾಧ. ಮಾರ್ಚ್ 31ರಂದು ಶಿಕ್ಷೆಯಾಯಿತು. ಸೆರೆಮನೆಯ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಪ್ಪಿಕೊಂಡರು. ಸರ್ಕಾರದ ಗುಪ್ತಲಿಪಿ ಕೆಲಸದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು ವಿಲ್ಮ್‌ಸ್ಲೋ ಊರಿನ ಮನೆಯಲ್ಲಿ ಸಯನೈಡ್‌ನಿಂದ ತೀರಿಕೊಂಡರು, 41ರ ವಯಸ್ಸಿನಲ್ಲಿ. ವಿಚಾರಣೆ ಆತ್ಮಹತ್ಯೆ ಎಂದಿತು. ಅದು ಆಕಸ್ಮಿಕವೆಂದೇ ತಾಯಿ ನಂಬಿದ್ದರು. 2009ರಲ್ಲಿ ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದರು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು. ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ನಮಗೆ ಬಿಟ್ಟುಹೋದ 377ನೇ ಕಲಮಿನ ಅಂಥದೇ ಅಂಶವನ್ನು ನಮ್ಮ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2018ರಲ್ಲಿ.

ಮೊದಲ ಪಾಠದಲ್ಲಿ ನಾನು ಇದಷ್ಟನ್ನೂ ನುಂಗಿಕೊಂಡು, 41ಕ್ಕೇ ತೀರಿಕೊಂಡರು ಎಂದು ಮುಗಿಸಿದ್ದೆ. ಹೇಗೆ ಎಂದು ಅದೇ ಹುಡುಗಿ ಕೇಳಿದಾಗ ಕಪ್ಪುಹಲಗೆಯ ಕಡೆ ತಿರುಗಿದೆ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಎಂದು ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪತ್ರದಲ್ಲಿ ಬರೆದರು. ಮುಂದಿನ ಅವಧಿಯಲ್ಲಿ, ಅವರ ಸಲಹೆ ಪಡೆದು, ಮೇಲಿನದನ್ನು ಐದಾರು ವಾಕ್ಯಗಳಲ್ಲಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದದ್ದು ಶಿಕ್ಷೆಯ ವಿವರ ಬಂದಾಗ ನಿಂತಿತು. ಯುದ್ಧದಲ್ಲಿ ಅವರು ಮಾಡಿದ್ದು ಊರಿನವರಿಗೆ ಗೊತ್ತಿತ್ತೇ ಎಂದು ಹುಡುಗಿ ಕೇಳಿದಳು. ಇಲ್ಲ ಎಂದೆ. ಬ್ಲೆಚ್ಲಿ ಪಾರ್ಕಿನ ಕೆಲಸ ಹೊರಜಗತ್ತಿಗೆ ತಿಳಿಯತೊಡಗಿದ್ದು 1970ರ ದಶಕದಲ್ಲಿ, ಅವರು ತೀರಿಕೊಂಡು ಸುಮಾರು 20 ವರ್ಷಗಳ ಮೇಲೆ.