ಅನಸೂಯಾಬೆನ್ ಸಾರಾಭಾಯಿ ಮತ್ತು ಅಹಮದಾಬಾದಿನ ಮಜೂರ್ ಮಹಾಜನ

ಭಾರತದ ಪರಿಸರ ಚಳವಳಿಗಳ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಕಾಡಿನಿಂದಲೋ ನದಿಯಿಂದಲೋ ಆರಂಭಿಸುತ್ತಾರೆ. ಗಢವಾಲದ ಚಿಪ್ಕೊ, 1983ರಲ್ಲಿ ಉತ್ತರ ಕನ್ನಡದ ಶಿರಸಿ ಸೀಮೆಯಲ್ಲಿ ಮೊದಲಾದ ಅಪ್ಪಿಕೊ, ನರ್ಮದೆಯ ದಂಡೆಯ ಹೋರಾಟ ಇವು ಈ ಕಥನದ ಪರಿಚಿತ ಘಟ್ಟಗಳು. ಆದರೆ ಪರಿಸರವೆಂದರೆ ಮನುಷ್ಯನು ಉಸಿರಾಡುವ ಗಾಳಿ, ಕುಡಿಯುವ ನೀರು, ಮಲಗುವ ನೆಲ ಎಂದು ಗ್ರಹಿಸಿದರೆ, ಅವುಗಳ ನ್ಯಾಯವಾದ ಹಂಚಿಕೆಗಾಗಿ ನಡೆದ ಹೋರಾಟದ ಬೇರುಗಳು ಇನ್ನೂ ಹಿಂದಕ್ಕೆ, ಕೈಗಾರಿಕಾ ನಗರಗಳ ಗಿರಣಿ ಮತ್ತು ಚಾಳುಗಳ ಒಳಕ್ಕೆ ಹೋಗುತ್ತವೆ. ಈ ದೃಷ್ಟಿಯಿಂದ ನೋಡಿದಾಗ ಅಹಮದಾಬಾದಿನ ಅನಸೂಯಾಬೆನ್ ಸಾರಾಭಾಯಿ (1885-1972) ಅವರ ಬದುಕು ಮತ್ತು ಕಾರ್ಯ ವಿಶೇಷ ಮಹತ್ವವನ್ನು ಪಡೆಯುತ್ತವೆ. ಗಿರಣಿ ಮಾಲೀಕರ ಮನೆತನದಲ್ಲಿ ಹುಟ್ಟಿ, ಆ ಮನೆತನದ ಗಿರಣಿಯೂ ಸೇರಿದ ಉದ್ಯಮದ ವಿರುದ್ಧ ಕಾರ್ಮಿಕರನ್ನು ಸಂಘಟಿಸಿದ ಈ ಮಹಿಳೆಯ ಹೆಸರು ಕನ್ನಡದ ಓದುಗರಿಗೆ ಗಾಂಧೀಜಿಯವರ ಜೀವನಚರಿತ್ರೆಗಳ ಒಂದೆರಡು ಪುಟಗಳಲ್ಲಿ ಮಾತ್ರ ಪರಿಚಿತವಾಗಿದೆ.

ಅನಸೂಯಾ 1885ರ ನವೆಂಬರ್ 11ರಂದು ಅಹಮದಾಬಾದಿನ ಶ್ರೀಮಂತ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಒಂಬತ್ತರ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ತಮ್ಮ ಅಂಬಾಲಾಲ್ ಮತ್ತು ತಂಗಿಯೊಡನೆ ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. ಹದಿಮೂರನೆಯ ವಯಸ್ಸಿಗೆ ಮದುವೆಯಾಯಿತು. ಆ ದಾಂಪತ್ಯ ಸುಖಕರವಾಗಿರಲಿಲ್ಲ. ಕೆಲಕಾಲದಲ್ಲಿಯೇ ಅವರು ತವರಿಗೆ ಮರಳಿದರು. ಅಂದಿನ ಸಮಾಜದಲ್ಲಿ ಗಂಡನ ಮನೆಯನ್ನು ತೊರೆದು ಬಂದ ಹೆಣ್ಣುಮಗಳಿಗೆ ಉಳಿದಿದ್ದುದು ಒಳಮನೆಯ ಮೌನವೊಂದೇ. ಆ ಮೌನದಿಂದ ಅವರನ್ನು ಹೊರತಂದವರು ತಮ್ಮ ಅಂಬಾಲಾಲ್. ಅಕ್ಕನ ಓದುವ ಹಂಬಲವನ್ನು ಅರಿತ ಅವರು ಆಕೆಯನ್ನು ಇಂಗ್ಲೆಂಡಿಗೆ ಕಳುಹಿಸಲು ನೆರವಾದರು. ಮುಂದೆ ಇದೇ ಅಕ್ಕತಮ್ಮಂದಿರು ದೇಶವೇ ಗಮನಿಸಿದ ಸಂಘರ್ಷವೊಂದರಲ್ಲಿ ಎದುರುಬದುರಾಗಿ ನಿಲ್ಲಬೇಕಾಗಿ ಬಂದುದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ಇಂಗ್ಲೆಂಡಿನಲ್ಲಿ ಅವರು ಮೊದಲು ವೈದ್ಯಕೀಯ ಶಿಕ್ಷಣವನ್ನು ಪಡೆಯಲು ಬಯಸಿದ್ದರು. ಪ್ರಾಣಿಗಳ ಛೇದನ ತಮ್ಮ ಜೈನ ಸಂಸ್ಕಾರಕ್ಕೆ ಒಗ್ಗದೆ ಅದನ್ನು ಕೈಬಿಟ್ಟು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಫೇಬಿಯನ್ ಸಮಾಜವಾದದ ಚಿಂತನೆಗಳು ಮತ್ತು ಮಹಿಳಾ ಮತದಾನದ ಹಕ್ಕಿಗಾಗಿ ನಡೆಯುತ್ತಿದ್ದ ಚಳವಳಿ ಅವರ ಮೇಲೆ ಗಾಢವಾದ ಪ್ರಭಾವವನ್ನು ಬೀರಿದವು. ಕೌಟುಂಬಿಕ ಕಾರಣಗಳಿಂದ 1913ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಪದವಿಯನ್ನೇನೂ ಅವರು ತರಲಿಲ್ಲ. ಆದರೆ ಬಡತನವು ಬಡವರ ಪೂರ್ವಜನ್ಮದ ಫಲವಲ್ಲ, ಸಮಾಜದ ಏರ್ಪಾಟಿನ ಫಲ ಎಂಬ ತಿಳಿವಳಿಕೆಯನ್ನು ತಂದರು.

ಅವರು ಮರಳಿ ಬಂದ ಅಹಮದಾಬಾದಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ಗಮನಿಸುವುದು ಅಗತ್ಯ. ರಣಛೋಡಲಾಲ್ ಛೋಟಾಲಾಲ್ ಅವರು 1861ರಲ್ಲಿ ನಗರದ ಮೊದಲ ಹತ್ತಿ ಗಿರಣಿಯನ್ನು ಆರಂಭಿಸಿದ ಮೇಲೆ ಅರ್ಧ ಶತಮಾನದಲ್ಲಿ ಹಳೆಯ ಕೋಟೆಗೋಡೆಯ ಹೊರಗೆ ಹೊಗೆಕೊಳವೆಗಳ ಸಾಲೇ ಎದ್ದಿತ್ತು. ಗಿರಣಿಯ ಒಳಗಿನ ಹವೆ ನೂಲಿಗಾಗಿ ಸಿದ್ಧವಾದುದೇ ಹೊರತು ಮನುಷ್ಯನಿಗಾಗಿ ಅಲ್ಲ. ಒಣಹವೆಯಲ್ಲಿ ಹತ್ತಿಯ ಎಳೆ ಬೇಗ ತುಂಡಾಗುತ್ತದೆ. ಆದ್ದರಿಂದ ನೇಯ್ಗೆಯ ವಿಭಾಗದಲ್ಲಿ ಕಿಟಕಿಗಳನ್ನು ಮುಚ್ಚಿ ತೇವವನ್ನು ಹಾಯಿಸಲಾಗುತ್ತಿತ್ತು. ಗುಜರಾತಿನ ಬೇಸಿಗೆಯಲ್ಲಿ ಆ ಸೆಕೆ ಎಂತಹುದೆಂಬುದನ್ನು ಊಹಿಸಬಹುದು. ಹತ್ತಿಯನ್ನು ಬಿಡಿಸುವ, ನೂಲುವ ವಿಭಾಗಗಳಲ್ಲಿ ಗಾಳಿಯ ತುಂಬ ನಾರಿನ ಧೂಳು. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಎದೆ ಬಿಗಿದು ಉಬ್ಬಸ ಬರುವ ರೋಗವನ್ನು ಇಂದು ವೈದ್ಯಶಾಸ್ತ್ರ ಬಿಸಿನೋಸಿಸ್ ಎಂದು ಗುರುತಿಸುತ್ತದೆ.

ಈ ಧೂಳು ಮತ್ತು ಸೆಕೆಗಳ ಹಂಚಿಕೆಯೂ ಜಾತಿಯನ್ನು ಅನುಸರಿಸಿತ್ತು ಎಂಬುದು ಗಮನಾರ್ಹ. ಲಾಳಿಯ ಕಣ್ಣಿನ ಮೂಲಕ ನೂಲನ್ನು ಬಾಯಿಯಿಂದ ಎಳೆದುಕೊಳ್ಳುವ ಪದ್ಧತಿ ನೇಯ್ಗೆಯಲ್ಲಿದ್ದುದರಿಂದ, ಮೈಲಿಗೆಯ ನೆಪವೊಡ್ಡಿ ಅಸ್ಪೃಶ್ಯರೆನಿಸಿದವರನ್ನು ಆ ವಿಭಾಗದಿಂದ ದೂರವಿಡಲಾಗಿತ್ತು. ಹೆಚ್ಚು ಕೂಲಿಯ ನೇಯ್ಗೆ ಪಾಟೀದಾರರು ಮತ್ತು ಮುಸ್ಲಿಮರ ಪಾಲಾದರೆ, ಕಡಿಮೆ ಕೂಲಿಯ ನೂಲುವ ವಿಭಾಗ ದಲಿತರ ಪಾಲಾಯಿತು. ಚಾಳುಗಳಲ್ಲಿಯೂ ಇದೇ ವಿಭಜನೆ ಮುಂದುವರಿಯಿತು. ಒಂದೇ ಕೋಣೆಯ ಮನೆಗಳ ಸಾಲು, ಹರಿಯದ ಚರಂಡಿ, ಹಲವು ಕುಟುಂಬಗಳಿಗೆ ಒಂದು ನಲ್ಲಿ, ಎಷ್ಟೋ ಕಡೆ ಅದೂ ಇಲ್ಲ. ನಗರಕ್ಕೆ ಕೊಳವೆ ನೀರನ್ನೂ ಒಳಚರಂಡಿಯನ್ನೂ ತರಲು ಶ್ರಮಿಸಿದವರು ಮೊದಲ ಗಿರಣಿಯ ಸ್ಥಾಪಕರಾದ ರಣಛೋಡಲಾಲರೇ. ಆದರೂ ಆ ಸೌಲಭ್ಯಗಳು ಗಿರಣಿಯಲ್ಲಿ ದುಡಿಯುವವರ ಓಣಿಯನ್ನು ಕೊನೆಯಲ್ಲಿ ತಲುಪಿದವು. ಹಲವೆಡೆ ತಲುಪಲೇ ಇಲ್ಲ.

ಅನಸೂಯಾಬೆನ್ ತಮ್ಮ ಕೆಲಸವನ್ನು ಈ ಓಣಿಗಳಿಂದಲೇ ಆರಂಭಿಸಿದರು. ಕಾರ್ಮಿಕರ ಮಕ್ಕಳಿಗಾಗಿ ಶಾಲೆ, ದುಡಿಯುವ ತಾಯಂದಿರ ಕೂಸುಗಳಿಗಾಗಿ ಶಿಶುವಿಹಾರ, ಹೆಂಗಸರಿಗಾಗಿ ಶೌಚಾಲಯ, ಹೆರಿಗೆಯ ಆರೈಕೆ, ದಲಿತ ಬಾಲಕಿಯರಿಗಾಗಿ ವಸತಿಗೃಹ ಹೀಗೆ ಒಂದೊಂದಾಗಿ ಏರ್ಪಾಟುಗಳು ಬೆಳೆದವು. ಮಕ್ಕಳ ತಲೆಯನ್ನು ಬಾಚಿ ಮೀಯಿಸುವ ಕೆಲಸವನ್ನೂ ಅವರು ಕೀಳೆಂದು ಭಾವಿಸಲಿಲ್ಲ. ಇಷ್ಟರಲ್ಲಿಯೇ ನಿಂತಿದ್ದರೆ ಅವರು ದಾನಶೀಲ ಮಹಿಳೆಯೆಂದು ಹೆಸರಾಗುತ್ತಿದ್ದರು. ಆದರೆ ಒಂದು ಮುಂಜಾನೆ ಪ್ರಾಣವಿಲ್ಲದವರಂತೆ ಕಾಲೆಳೆಯುತ್ತ ಬರುತ್ತಿದ್ದ ಕಾರ್ಮಿಕರ ಗುಂಪೊಂದನ್ನು ವಿಚಾರಿಸಿದಾಗ, ಅವರು ಮೂವತ್ತಾರು ಗಂಟೆಗಳ ಕಾಲ ಎಡೆಬಿಡದೆ ದುಡಿದು ಹಿಂದಿರುಗುತ್ತಿರುವುದು ತಿಳಿಯಿತು. ಶಾಲೆ ಮತ್ತು ಔಷಧಗಳಿಂದ ಈ ಬಳಲಿಕೆಗೆ ಪರಿಹಾರವಿಲ್ಲವೆಂಬುದು ಅವರಿಗೆ ಅಂದು ಮನವರಿಕೆಯಾಯಿತು. 1914ರ ಕಾರ್ಮಿಕ ಮುಷ್ಕರದಲ್ಲಿ ಅವರು ದುಡಿಯುವವರ ಪರವಾಗಿ ನಿಂತರು.

1917ರ ಮಳೆಗಾಲದಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅನುಕೂಲವಿದ್ದವರು ನಗರವನ್ನು ತೊರೆದರು; ಕಾರ್ಮಿಕರೂ ಹಳ್ಳಿಗಳತ್ತ ಮುಖ ಮಾಡಿದರು. ಗಿರಣಿಗಳು ನಿಲ್ಲಬಾರದೆಂಬ ಕಾರಣಕ್ಕೆ ಮಾಲೀಕರು ನೇಕಾರರಿಗೆ ಕೂಲಿಯ ಶೇಕಡಾ 70-80ರಷ್ಟನ್ನು ಪ್ಲೇಗು ಭತ್ಯೆಯಾಗಿ ಕೊಟ್ಟು ಉಳಿಸಿಕೊಂಡರು. ಸಾವಿನ ಭಯದ ನಡುವೆ ಉಳಿದು ದುಡಿದುದಕ್ಕೆ ಕಟ್ಟಿದ ಬೆಲೆ ಅದು. ಅದೇ ವರ್ಷ ನಗರಸಭೆಗೆ ಆಯ್ಕೆಯಾಗಿ ನೈರ್ಮಲ್ಯ ಸಮಿತಿಯ ಅಧ್ಯಕ್ಷರಾಗಿದ್ದ ವಕೀಲ ವಲ್ಲಭಭಾಯಿ ಪಟೇಲರು ಊರುಬಿಡದೆ ಓಣಿಗಳಲ್ಲಿ ಓಡಾಡಿ ಶುಚಿತ್ವದ ಕೆಲಸವನ್ನು ನಡೆಸಿದರು. ಹಾಸು ನೂಲಿನ ವಿಭಾಗದ ಕಾರ್ಮಿಕರಿಗೆ ಮಾತ್ರ ಈ ಭತ್ಯೆ ದೊರೆಯಲಿಲ್ಲ. ಅವರು ಅನಸೂಯಾಬೆನ್ ಅವರ ನೇತೃತ್ವವನ್ನು ಬೇಡಿದರು. ಡಿಸೆಂಬರಿನಲ್ಲಿ ಮುಷ್ಕರ ಹೂಡಿದರು.

1918ರ ಜನವರಿಯಲ್ಲಿ ಪ್ಲೇಗು ಇಳಿಯುತ್ತಲೇ ಮಾಲೀಕರು ಭತ್ಯೆಯನ್ನು ಹಿಂತೆಗೆದುಕೊಂಡರು. ಆದರೆ ಯುದ್ಧಕಾಲದಲ್ಲಿ ಏರಿದ ಬೆಲೆಗಳು ಇಳಿದಿರಲಿಲ್ಲ. ನೇಕಾರರು ಕೂಲಿಯಲ್ಲಿ ಶೇಕಡಾ 50ರ ಏರಿಕೆಯನ್ನು ಕೇಳಿದರು. ಮಾಲೀಕರು 20ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲ್ ಸಾರಾಭಾಯಿ. ಅನಸೂಯಾಬೆನ್ ಗಾಂಧೀಜಿಯವರ ಸಲಹೆಯನ್ನು ಕೋರಿದರು. ಗಾಂಧೀಜಿ ಲೆಕ್ಕಪತ್ರಗಳನ್ನು ಪರಿಶೀಲಿಸಿ ಶೇಕಡಾ 35ನ್ನು ನ್ಯಾಯವಾದ ಬೇಡಿಕೆಯೆಂದು ನಿರ್ಧರಿಸಿದರು. ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿದ್ದಿತು. ಸಾಬರಮತಿಯ ದಂಡೆಯಲ್ಲಿ, ಜಾಲಿಯ ಮರದ ಕೆಳಗೆ ದಿನವೂ ಸಂಜೆ ಸಾವಿರಾರು ಕಾರ್ಮಿಕರು ಸೇರುತ್ತಿದ್ದರು. ಹೋರಾಟದ ಕರಪತ್ರಗಳು ಅನಸೂಯಾಬೆನ್ ಅವರ ಹೆಸರಿನಲ್ಲಿ ಪ್ರಕಟವಾಗುತ್ತಿದ್ದವು. ಅವರೂ ಶಂಕರಲಾಲ್ ಬ್ಯಾಂಕರರೂ ಚಾಳಿನಿಂದ ಚಾಳಿಗೆ ನಡೆದು ಹಸಿದವರ, ಕಾಯಿಲೆ ಬಿದ್ದವರ ಯೋಗಕ್ಷೇಮವನ್ನು ವಿಚಾರಿಸಿದರು.

ಮಾರ್ಚ್ 12ರಂದು ಮಾಲೀಕರು ಶೇಕಡಾ 20ನ್ನು ಒಪ್ಪುವವರಿಗೆ ಬಾಗಿಲು ತೆರೆದಾಗ ಹೋರಾಟದ ಕಠಿಣ ಘಟ್ಟ ಬಂದಿತು. ಹಸಿವಿನಿಂದ ಕಾರ್ಮಿಕರ ನಿರ್ಧಾರ ಸಡಿಲತೊಡಗಿತ್ತು. ಕಾರಿನಲ್ಲಿ ಬಂದು ಹೋಗುವವರಿಗೆ ಹಸಿವಿನ ಅರಿವೇನೆಂಬ ಗೊಣಗು ಚಾಳುಗಳಲ್ಲಿ ಕೇಳಿಬಂದಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸವನ್ನು ಕೈಗೊಂಡರು. 18ರಂದು ಒಪ್ಪಂದವಾಯಿತು. ಮೊದಲ ದಿನ ಶೇಕಡಾ 35, ಎರಡನೆಯ ದಿನ 20, ಅನಂತರ ಪಂಚತೀರ್ಪು ಬರುವವರೆಗೆ 27.5 ಎಂಬ ಈ ಒಪ್ಪಂದದಲ್ಲಿ ಇಬ್ಬರ ಮಾನವನ್ನೂ ಕಾಯುವ ಜಾಣ್ಮೆಯಿತ್ತು. ಪಂಚರಾಗಿದ್ದ ವಿದ್ವಾಂಸ ಆನಂದಶಂಕರ ಧ್ರುವ ಅವರು ಕೆಲವು ತಿಂಗಳ ಬಳಿಕ ಶೇಕಡಾ 35ನ್ನೇ ಎತ್ತಿಹಿಡಿದರು. ಇಷ್ಟೆಲ್ಲದರ ನಡುವೆಯೂ ಅಕ್ಕತಮ್ಮಂದಿರ ಬಾಂಧವ್ಯ ಮುರಿಯಲಿಲ್ಲ ಎಂಬುದು ಆ ಇಬ್ಬರ ವ್ಯಕ್ತಿತ್ವದ ಘನತೆಗೆ ಸಾಕ್ಷಿ.

ಕಾರ್ಮಿಕರು ಅವರ ಮೇಲೆ ಇಟ್ಟಿದ್ದ ವಿಶ್ವಾಸದ ಆಳ ಮರುವರ್ಷ ದುರಂತದ ರೂಪದಲ್ಲಿ ಪ್ರಕಟವಾಯಿತು. ರೌಲಟ್ ಶಾಸನದ ವಿರುದ್ಧದ ಸತ್ಯಾಗ್ರಹದ ಪ್ರತಿಜ್ಞೆಗೆ ಅವರು ಸಹಿ ಹಾಕಿದ್ದರು. 1919ರ ಏಪ್ರಿಲ್‌ನಲ್ಲಿ ಗಾಂಧೀಜಿಯವರ ಬಂಧನದ ಸುದ್ದಿಯ ಬೆನ್ನಿಗೇ ಅನಸೂಯಾಬೆನ್ ಅವರನ್ನೂ ಬಂಧಿಸಲಾಗಿದೆಯೆಂಬ ಗಾಳಿಮಾತು ಹಬ್ಬಿ, ಗಿರಣಿ ಕಾರ್ಮಿಕರು ಬೀದಿಗಿಳಿದರು. ಸರ್ಕಾರಿ ಕಟ್ಟಡಗಳು ಉರಿದವು, ಜೀವಗಳು ಹೋದವು. ವ್ಯಕ್ತಿಯ ಮೇಲಿನ ಪ್ರೀತಿಯನ್ನು ಸಂಸ್ಥೆಯ ಶಿಸ್ತನ್ನಾಗಿ ಮಾರ್ಪಡಿಸಬೇಕಾದ ಅಗತ್ಯವನ್ನು ಈ ಘಟನೆ ಎತ್ತಿ ತೋರಿತು.

1920ರಲ್ಲಿ ಸ್ಥಾಪನೆಯಾದ ಮಜೂರ್ ಮಹಾಜನ ಸಂಘ ಆ ಅಗತ್ಯಕ್ಕೆ ದೊರೆತ ಉತ್ತರ. ಇಲ್ಲಿ ಹೆಸರಿನ ಬಗೆಗೆ ಒಂದು ಮಾತು ಅಪ್ರಸ್ತುತವಾಗಲಾರದು. ಕನ್ನಡ ಶಾಸನಗಳಲ್ಲಿ ಮಹಾಜನರೆಂದರೆ ಅಗ್ರಹಾರದ ಆಡಳಿತವನ್ನು ನಡೆಸುತ್ತಿದ್ದ ಬ್ರಾಹ್ಮಣ ಸಮುದಾಯ. ಗುಜರಾತಿನಲ್ಲಿ ಮಹಾಜನವೆಂದರೆ ವರ್ತಕರ ಶ್ರೇಣಿ. ಎರಡೂ ಕಡೆ ಅದು ಅಧಿಕಾರವುಳ್ಳವರ ಹೆಸರು. ಆ ಹೆಸರಿನ ಹಿಂದೆ ಮಜೂರ್ ಎಂಬ ಪದವನ್ನು ಇರಿಸಿದುದರಲ್ಲಿಯೇ ದುಡಿಯುವವರಿಗೂ ನಗರದ ವ್ಯವಹಾರದಲ್ಲಿ ಸ್ಥಾನವುಂಟೆಂಬ ಘೋಷಣೆ ಅಡಗಿತ್ತು. ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ದೊರೆತುದು 1926ರ ಶಾಸನದಿಂದ. ಅದಕ್ಕೆ ಆರು ವರ್ಷ ಮೊದಲೇ ಈ ಸಂಘ ನೆಲೆಗೊಂಡಿತ್ತು. ಅದರ ಅಧ್ಯಕ್ಷರಾಗಿ ಅನಸೂಯಾಬೆನ್, ಕಾರ್ಯದರ್ಶಿಯಾಗಿ 1922ರಿಂದ ಗುಲ್ಜಾರಿಲಾಲ್ ನಂದಾ ದುಡಿದರು. ವಿವಾದಗಳನ್ನು ಪಂಚಾಯಿತಿಯ ಮೂಲಕ ಬಗೆಹರಿಸಿಕೊಳ್ಳುವ ಪದ್ಧತಿ ನಗರದಲ್ಲಿ ರೂಢಿಗೆ ಬಂದಿತು.

ಸಂಘದ ದೂರು ಪುಸ್ತಕಗಳಲ್ಲಿ ಕೂಲಿಯ ತಕರಾರುಗಳ ಜೊತೆಗೆ ಗಿರಣಿಯ ಕುಡಿಯುವ ನೀರು, ಶೌಚಾಲಯ, ಸೆಕೆಗಳ ದೂರುಗಳಿಗೂ ಸ್ಥಾನವಿತ್ತು. ಆಸ್ಪತ್ರೆ, ಶಾಲೆಗಳು, ಗ್ರಂಥಾಲಯ, ವಾರಪತ್ರಿಕೆಗಳನ್ನು ಅದು ನಡೆಸಿತು. ಕಾರ್ಮಿಕರ ಮನೆಗಳನ್ನು ಎಣಿಸಿ, ಎಷ್ಟರಲ್ಲಿ ನೀರಿಲ್ಲ, ಎಷ್ಟರಲ್ಲಿ ಶೌಚಾಲಯವಿಲ್ಲ ಎಂಬುದನ್ನು ಪಟ್ಟಿಮಾಡಿ 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗದ ಮುಂದೆ ಇರಿಸಿತು. ನಗರಸಭೆಗೆ ತನ್ನ ಪ್ರತಿನಿಧಿಗಳನ್ನು ಕಳುಹಿಸಿ ಅದೇ ಪ್ರಶ್ನೆಗಳನ್ನು ಅಲ್ಲಿಯೂ ಎತ್ತಿತು. ನಿವಾಸಿಗಳೇ ತಮ್ಮ ಸಂಕಟವನ್ನು ಲೆಕ್ಕಹಾಕಿ, ಅದನ್ನು ಬೇಡಿಕೆಯಾಗಿ ರೂಪಿಸಿ, ಅಧಿಕಾರದ ಮುಂದೆ ಮಂಡಿಸುವ ಈ ಕ್ರಮವೇ ಇಂದಿನ ಪರಿಸರ ನ್ಯಾಯದ ಚಳವಳಿಗಳೂ ಅನುಸರಿಸುವ ಕ್ರಮವಾಗಿದೆ.

ಆದರೆ ಈ ಸಾಧನೆಯ ಮಿತಿಗಳನ್ನೂ ಗಮನಿಸದೆ ಅವರ ಮೌಲ್ಯಮಾಪನ ಪೂರ್ಣವಾಗಲಾರದು. 1923ರಲ್ಲಿ ಮಾಲೀಕರು ಕೂಲಿಯನ್ನು ಕಡಿತಗೊಳಿಸಿದಾಗ ನಡೆದ ದೀರ್ಘ ಮುಷ್ಕರ ಸೋತಿತು. ಸಂಘದ ಬಲ ಬಹಳವಾಗಿ ಕುಗ್ಗಿತು. ವಿಭಾಗಕ್ಕೊಂದರಂತೆ ಘಟಕಗಳನ್ನು ರಚಿಸಿದುದರಿಂದ ಗಿರಣಿಯ ಜಾತಿವಿಭಜನೆ ಸಂಘದೊಳಗೂ ಪ್ರತಿಬಿಂಬಿಸಿತು; ನೇಯ್ಗೆಯ ಬಾಗಿಲು ದಲಿತರಿಗೆ ಬಹುಕಾಲ ತೆರೆಯಲಿಲ್ಲ. ಮಹಿಳೆಯೊಬ್ಬರು ಅಧ್ಯಕ್ಷರಾಗಿದ್ದ ಸಂಘದ ಕಣ್ಣೆದುರಿನಲ್ಲಿಯೇ ಗಿರಣಿಗಳಲ್ಲಿ ದುಡಿಯುವ ಮಹಿಳೆಯರ ಪ್ರಮಾಣ ದಶಕದಿಂದ ದಶಕಕ್ಕೆ ಕುಸಿಯಿತು. ಗಂಡಸಿನ ಕೂಲಿಯಲ್ಲಿ ಕುಟುಂಬ ಬದುಕಬೇಕೆಂಬ ಆದರ್ಶ ಹೆಂಗಸರನ್ನು ಗಿರಣಿಯ ಧೂಳಿನಿಂದ ಬಿಡಿಸಿತಾದರೂ, ಅವರನ್ನು ಬೀಡಿ ಕಟ್ಟುವ, ಚಿಂದಿ ಆಯುವ, ತಲೆಹೊರೆ ಹೊರುವ ಇನ್ನೂ ಅಸಹಾಯಕವಾದ ದುಡಿಮೆಗೆ ನೂಕಿತು.

ಈ ಮಿತಿಯನ್ನು ಮೀರುವ ಪ್ರಯತ್ನವೂ ಅದೇ ಸಂಘದ ಒಡಲಿನಿಂದಲೇ ಹುಟ್ಟಿತು. 1955ರಲ್ಲಿ ಮಜೂರ್ ಮಹಾಜನವನ್ನು ಸೇರಿದ ಇಳಾ ಭಟ್ ಅವರು ಮುಂದೆ ಅದರ ಮಹಿಳಾ ವಿಭಾಗದ ಹೊಣೆಯನ್ನು ಹೊತ್ತು, 1972ರ ಏಪ್ರಿಲ್‌ನಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವಾದ ಸೇವಾವನ್ನು ನೋಂದಾಯಿಸಿದರು. ಎಲ್ಲರಿಂದ ಮೋಟಾಬೆನ್, ಅಂದರೆ ಹಿರಿಯಕ್ಕ ಎಂದು ಕರೆಸಿಕೊಳ್ಳುತ್ತಿದ್ದ ಅನಸೂಯಾಬೆನ್ ಅದೇ ವರ್ಷ ನವೆಂಬರ್ 1ರಂದು ನಿಧನರಾದರು.

ಅವರ ಕಾಲಾನಂತರ ಗುಜರಾತಿನ ಕೈಗಾರಿಕೆಯ ಸ್ವರೂಪವೇ ಬದಲಾಯಿತು. 1980ರ ದಶಕದಿಂದ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ವಡೋದರ, ಅಂಕಲೇಶ್ವರ, ಸೂರತ್, ವಾಪಿಗಳ ಉದ್ದಕ್ಕೂ ರಾಸಾಯನಿಕ ಮತ್ತು ಬಣ್ಣದ ಕಾರ್ಖಾನೆಗಳು ಬೆಳೆದವು. 1994ರಲ್ಲಿ ವಲಸೆ ಕಾರ್ಮಿಕರಿಂದ ಕಿಕ್ಕಿರಿದ ಸೂರತ್ ನಗರದಲ್ಲಿ ಪ್ಲೇಗು ಕಾಣಿಸಿಕೊಂಡು ಲಕ್ಷಾಂತರ ಜನ ಊರುಬಿಟ್ಟರು. 1995ರಲ್ಲಿ ಅಹಮದಾಬಾದಿನ ಪೂರ್ವಭಾಗದ ಕಾಲುವೆಗೆ ವಿಷಜಲವನ್ನು ಹರಿಸುತ್ತಿದ್ದ ನೂರಾರು ಘಟಕಗಳನ್ನು ಮುಚ್ಚಲು ಗುಜರಾತ್ ಉಚ್ಚ ನ್ಯಾಯಾಲಯ ಆದೇಶಿಸಿತು. ಕಾಲುವೆಯ ಕೆಳಗಿನ ಹಳ್ಳಿಗಳ ರೈತನ ಬಾವಿ ಮತ್ತು ಕಾರ್ಖಾನೆಯ ಕಾರ್ಮಿಕನ ಕೂಲಿ ಅಂದು ಪರಸ್ಪರ ಎದುರಾಳಿಗಳಾಗಿ ನ್ಯಾಯಾಲಯದಲ್ಲಿ ನಿಂತವು. ತುಂಗಭದ್ರೆಯ ದಂಡೆಯ ಹರಿಹರದ ಜನರಿಗೂ ಈ ಇಕ್ಕಟ್ಟು ಹೊಸದಲ್ಲ.

ಅನಸೂಯಾಬೆನ್ ಅವರು ಕಾರ್ಖಾನೆಯ ಗೋಡೆಯ ಹೊರಗಿನ ನದಿಯ ಬಗೆಗೆ ಚಳವಳಿಯನ್ನು ಕಟ್ಟಲಿಲ್ಲ. ಆ ಕಾಲದ ಪ್ರಶ್ನೆಗಳು ಬೇರೆಯಾಗಿದ್ದವು. ಆದರೆ ದುಡಿಯುವವನ ಹೊಟ್ಟೆಯನ್ನೂ ಅವನ ಮನೆಯ ನೀರನ್ನೂ ಒಂದೇ ಬೇಡಿಕೆಯ ಎರಡು ಮುಖಗಳೆಂದು ಅವರು ಕಂಡರು. ಕೂಲಿ ಬೇಕಾದರೆ ಕೊಳಕು ಗಾಳಿಯನ್ನು ಸಹಿಸಿಕೊಳ್ಳಬೇಕೆಂಬ ವಾದವನ್ನು ಅವರ ಸಂಘ ಒಪ್ಪಲಿಲ್ಲ. ಉದ್ಯೋಗವೋ ಪರಿಸರವೋ ಎಂಬ ಆಯ್ಕೆಯನ್ನು ಬಡವರ ಮುಂದೆ ಮತ್ತೆ ಮತ್ತೆ ಇಡಲಾಗುತ್ತಿರುವ ಈ ಸಂದರ್ಭದಲ್ಲಿ, ಆ ಎರಡನ್ನೂ ಬೇರ್ಪಡಿಸದೆ ಕೇಳುವ ಹಕ್ಕನ್ನು ಕಾರ್ಮಿಕರಿಗೆ ಕಲಿಸಿದುದೇ ಅವರ ಮುಖ್ಯ ಕೊಡುಗೆ ಎನ್ನಬಹುದು.