ಬೇಲಿಯ ಹೊರಗಿನ ವಿಜ್ಞಾನಿ

ಬ್ಯಾಂಕಿನ ಕಾರ್ಡುಗಳ ಮೇಲೆ, ಪಠ್ಯಪುಸ್ತಕಗಳ ರಕ್ಷಾಪುಟದ ಮೇಲೆ, ಅಲುಗಿಸಿದರೆ ಬಣ್ಣ ಬದಲಿಸುವ ಬೆಳ್ಳಿಯ ಚೂರೊಂದನ್ನು ನಾವೆಲ್ಲ ಕಂಡಿದ್ದೇವೆ. ಅದರ ಹೆಸರು ಹೋಲೋಗ್ರಾಮ್. ಅದರ ಹಿಂದಿನ ತತ್ತ್ವವನ್ನು ಕಂಡುಹಿಡಿದ ಡೆನ್ನಿಸ್ ಗಾಬೋರರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆಂದು ಓದಿ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಪಾಠ ಹೇಳುವ ನಾವು ಮಾತ್ರ ಮಹಾ ಮಾಡುವುದೇನು? ೧೯೭೧ರ ನೊಬೆಲ್ ಬಹುಮಾನ ಎಂಬ ಒಂದು ಸಾಲನ್ನು ಕಪ್ಪು ಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುತ್ತೇವೆ. ಆದರೆ ಆ ಬಹುಮಾನಕ್ಕಿಂತ, ಇಂಗ್ಲೆಂಡಿನ ನಡುಭಾಗದ ಒಂದು ಕಾರ್ಖಾನೆಯೂರಿನಲ್ಲಿ ಅವರೂ ಅವರ ಮಡದಿಯೂ ನಡೆಸಿದ ಬಾಳು ನನಗೆ ಹೆಚ್ಚು ವಿಚಾರಯೋಗ್ಯವೆಂದು ತೋರುತ್ತದೆ. ಆ ಬಾಳಿನಿಂದಲೇ ಆ ಬಹುಮಾನ ಹುಟ್ಟಿತೆಂಬುದು ನನ್ನ ನಂಬಿಕೆ.

ಗಾಬೋರರು ಹುಟ್ಟಿದ್ದು ೧೯೦೦ನೆಯ ಇಸವಿ ಜೂನ್ ೫ರಂದು, ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ತಂದೆ ಗಣಿ ಕಂಪೆನಿಯೊಂದರಲ್ಲಿ ದೊಡ್ಡ ಅಧಿಕಾರಿ. ತಾಯಿ ಮದುವೆಗೆ ಮೊದಲು ರಂಗಭೂಮಿಯ ನಟಿ. ಹುಡುಗನಿದ್ದಾಗಲೇ ಜಾರ್ಜ್ ಎಂಬ ತಮ್ಮನೊಡನೆ ಸೇರಿ ಮನೆಯಲ್ಲಿಯೇ ಒಂದು ಪುಟ್ಟ ಪ್ರಯೋಗಶಾಲೆಯನ್ನು ಕಟ್ಟಿಕೊಂಡು, ಆಗ ಹೊಸದಾಗಿ ಪುಸ್ತಕಗಳಲ್ಲಿ ಬರುತ್ತಿದ್ದ ಕ್ಷಕಿರಣಗಳ ಪ್ರಯೋಗಗಳನ್ನು ಮಾಡಿ ನೋಡಿದವರು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಕೆಲಕಾಲ ಇಟಲಿಯ ಉತ್ತರದ ರಂಗದಲ್ಲಿ ಫಿರಂಗಿ ದಳದಲ್ಲಿದ್ದರು. ಅನಂತರ ಓದಿಗಾಗಿ ಬರ್ಲಿನ್ನಿಗೆ ನಡೆದರು. ಅಲ್ಲಿ ಅವರು ಕಲಿತದ್ದು ಎಂಜಿನಿಯರಿಂಗ್; ಮನಸ್ಸು ತಿರುಗುತ್ತಿದ್ದುದು ಭೌತವಿಜ್ಞಾನದ ಕಡೆಗೆ. ಐನ್‌ಸ್ಟೈನರ ಉಪನ್ಯಾಸಗೋಷ್ಠಿಯಲ್ಲಿ ಕುಳಿತು ಕೇಳಿದರು. ಸಿಲಾರ್ಡ್, ವಿಗ್ನರ್ ಮುಂತಾದ ಸ್ವದೇಶೀಯರ ಸ್ನೇಹ ಗಳಿಸಿದರು. ೧೯೨೭ರಲ್ಲಿ ಡಾಕ್ಟರೇಟ್ ಪಡೆದು ಸೀಮೆನ್ಸ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಗಾಬೋರರದು ಯಹೂದಿ ಮೂಲದ ಮನೆತನ; ಅವರ ಒಡಂಬಡಿಕೆ ಮುಂದುವರಿಯಲಿಲ್ಲ. ಕೆಲವು ತಿಂಗಳು ತಾಯ್ನಾಡಿನಲ್ಲಿದ್ದು, ೧೯೩೪ರಲ್ಲಿ ಅವರು ಇಂಗ್ಲೆಂಡಿಗೆ ಬಂದರು.

ಬಂದ ಊರು ರಗ್ಬಿ. ಕಾಲ್ಚೆಂಡಿನ ಒಂದು ಬಗೆಗೆ ತನ್ನ ಹೆಸರನ್ನು ಕೊಟ್ಟ ಶಾಲೆ ಇರುವ ಊರು ಅದು. ಅಲ್ಲಿ ಬ್ರಿಟಿಷ್ ಥಾಮ್ಸನ್-ಹ್ಯೂಸ್ಟನ್ ಎಂಬ ವಿದ್ಯುತ್ ಯಂತ್ರಗಳ ದೊಡ್ಡ ಕಾರ್ಖಾನೆಯೂ ಇತ್ತು. ಇಂಗ್ಲೆಂಡಿನಲ್ಲಿ ಆಗ ವ್ಯಾಪಾರದ ಮುಗ್ಗಟ್ಟಿನ ಕಾಲ. ತನ್ನ ಮಕ್ಕಳಿಗೇ ಕೆಲಸವಿಲ್ಲದಿರುವಾಗ ಪರದೇಶಿಗೆ ಕೆಲಸ ಕೊಡುವವರಾರು? ಗಾಬೋರರಿಗೆ ದೊರೆತದ್ದು ನೌಕರಿಯಲ್ಲ, ಅನ್ವೇಷಕನೊಡನೆ ಮಾಡಿಕೊಳ್ಳುವ ಒಂದು ಕರಾರು. ತಮ್ಮ ಕಲ್ಪನೆಯ ಹೊಸ ಬಗೆಯ ವಿದ್ಯುದ್ದೀಪವೊಂದನ್ನು ಅವರು ಕಾರ್ಖಾನೆಗೆ ಸಿದ್ಧಪಡಿಸಿಕೊಡಬೇಕಾಗಿತ್ತು. ದೀಪ ಹೊತ್ತಿತು, ಆದರೆ ಅದರ ಬೆಳಕಿನಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಾಗಿ ಹೋಗುತ್ತಿತ್ತು. ವ್ಯಾಪಾರಕ್ಕೆ ಅದು ಒದಗಲಿಲ್ಲ. ಆದರೂ ಆ ಸೋತ ದೀಪದ ದೆಸೆಯಿಂದಲೇ ಪ್ರಯೋಗಾಲಯದಲ್ಲಿ ಅವರಿಗೆ ಕಾಲೂರಲು ಎಡೆ ದೊರೆಯಿತು. ಬಾಳಿನಲ್ಲಿ ಎಷ್ಟೋ ಸಲ ಗೆದ್ದ ಕೆಲಸಕ್ಕಿಂತ ಸೋತ ಕೆಲಸ ಹೀಗೆ ನಮ್ಮ ಕೈ ಹಿಡಿಯುವುದುಂಟು.

೧೯೩೬ರ ಆಗಸ್ಟಿನಲ್ಲಿ ಅವರು ರಗ್ಬಿಯ ಬಟ್ಲರ್ ಮನೆತನದ ಮಾರ್ಜೊರಿ ಲೂಯಿಸ್ ಎಂಬವರನ್ನು ಮದುವೆಯಾದರು. ಪರದೇಶದಿಂದ ಬಂದ ಗಂಡಿಗೆ ಊರಿನ ಹೆಣ್ಣು ಕೈಹಿಡಿದರೆ ಅವನು ಊರಿನವನಾದಂತೆಯೇ ಎಂದು ನಾವು ಎಣಿಸುತ್ತೇವೆ. ಅಂದಿನ ಆಂಗ್ಲ ಕಾನೂನು ತಿರುಗುಮುರುಗಾಗಿ ಎಣಿಸುತ್ತಿತ್ತು. ಪರದೇಶೀಯನನ್ನು ಮದುವೆಯಾಗಿ ಅವನ ದೇಶದ ಪೌರತ್ವವನ್ನು ಪಡೆಯುವ ಆಂಗ್ಲ ಮಹಿಳೆ ತನ್ನ ಹುಟ್ಟಿನ ಪೌರತ್ವವನ್ನು ಕಳೆದುಕೊಳ್ಳಬೇಕಾಗಿತ್ತು. ಹಂಗೇರಿಯ ಕಾನೂನಾದರೋ ತನ್ನ ಪ್ರಜೆಯ ಕೈಹಿಡಿದ ಹೆಣ್ಣನ್ನು ತನ್ನ ಪ್ರಜೆಯೆಂದೇ ಭಾವಿಸುತ್ತಿತ್ತು. ಹೀಗೆ ಎರಡು ಕಾನೂನುಗಳು ಎರಡು ಕಡೆಯಿಂದ ಸೇರಿ, ಹುಟ್ಟಿ ಬೆಳೆದ ಬೀದಿಯಲ್ಲಿಯೇ ಒಬ್ಬ ಹೆಣ್ಣನ್ನು ಪರಕೀಯಳನ್ನಾಗಿ ಮಾಡಬಲ್ಲವಾಗಿದ್ದವು. ಈ ಅನ್ಯಾಯವನ್ನು ಬ್ರಿಟನ್ ತಿದ್ದಿಕೊಂಡದ್ದು ೧೯೪೮ರ ಪೌರತ್ವ ಕಾಯಿದೆಯಿಂದ. ಗಾಬೋರರ ಜೀವನಚರಿತ್ರೆಯನ್ನು ಸಂಗ್ರಹಿಸಿ ಹೇಳುವವರು ಮದುವೆಯ ತಾರೀಖನ್ನು ಕೊಟ್ಟು ಸುಮ್ಮನಾಗುತ್ತಾರೆ. ಆ ತಾರೀಖಿನ ಬೆನ್ನಿಗೆ ಹೀಗೊಂದು ಕಾನೂನಿತ್ತೆಂಬುದನ್ನು ನೆನೆದರೆ, ಶ್ರೀಮತಿ ಗಾಬೋರರು ಇಟ್ಟ ಹೆಜ್ಜೆ ಸಣ್ಣದಲ್ಲವೆಂದು ತಿಳಿದೀತು.

ದಂಪತಿಗಳಿಗೆ ಮಕ್ಕಳಾಗಲಿಲ್ಲ. ಪರದೇಶೀಯನಾದವನು ಪೊಲೀಸರಲ್ಲಿ ಹೆಸರನ್ನು ದಾಖಲೆ ಮಾಡಿಸಿ, ಮನೆ ಬದಲಿಸಿದರೆ ತಿಳಿಸಬೇಕಾಗಿದ್ದ ಕಾಲ ಅದು. ಅಷ್ಟರಲ್ಲಿ ಯುದ್ಧ ಬಂದಿತು. ಸಕ್ಕರೆ, ಬೆಣ್ಣೆಗಳು ಪಡಿತರಕ್ಕೆ ಬಿದ್ದವು. ಚಹಾ ತಲೆಗೆ ವಾರಕ್ಕೆ ಎರಡು ಔನ್ಸಿಗೆ ಇಳಿಯಿತು. ಈ ಕಷ್ಟ ಊರಿಗೆಲ್ಲ ಒಂದೇ. ಗಾಬೋರರಿಗೆ ಬಂದದ್ದು ಬೇರೊಂದು. ಹಂಗೇರಿ ಜರ್ಮನಿಯ ಪಕ್ಷವನ್ನು ಸೇರಿತು. ೧೯೪೧ರ ಡಿಸೆಂಬರಿನಲ್ಲಿ ಬ್ರಿಟನ್ ಅದರ ಮೇಲೆ ಯುದ್ಧ ಸಾರಿತು. ಹಿಟ್ಲರನ ಕಾಟಕ್ಕೆ ಬರ್ಲಿನ್ ಬಿಟ್ಟು ಬಂದವರು ಈಗ ಹಿಟ್ಲರನ ಮಿತ್ರದೇಶದ ಪ್ರಜೆ! ಕಾರ್ಖಾನೆಯಲ್ಲೆಲ್ಲ ಯುದ್ಧದ ಗುಟ್ಟಿನ ಕೆಲಸ. ಅದಕ್ಕೆ ರಕ್ಷಣೆಯ ಬೇಲಿ ಬಿದ್ದಿತು. ಬೇಲಿಯೊಳಕ್ಕೆ ಗಾಬೋರರಿಗೆ ಪ್ರವೇಶವಿಲ್ಲ. ಅವರನ್ನು ಹೊರದೂಡುವ ಮನಸ್ಸೂ ಕಾರ್ಖಾನೆಗೆ ಇಲ್ಲದ್ದರಿಂದ, ಬೇಲಿಯ ಹೊರಗಿನ ಒಂದು ಗುಡಾರದಂಥ ಕೊಠಡಿಯಲ್ಲಿ ಅವರ ಕೆಲಸ ನಡೆಯಿತು.

ಆ ಕೊಠಡಿಯನ್ನು ನಾನು ಹಲವು ಸಲ ಕಲ್ಪಿಸಿಕೊಂಡಿದ್ದೇನೆ. ನಲವತ್ತರ ಹರೆಯದ ಒಬ್ಬ ಎಂಜಿನಿಯರ್. ಪಕ್ಕದಲ್ಲಿಯೇ ನೂರಾರು ಜನ ಯುದ್ಧದ ಅವಸರದಲ್ಲಿ ದುಡಿಯುತ್ತಿದ್ದಾರೆ. ಅವರೇನು ಮಾಡುತ್ತಿದ್ದಾರೆಂದು ಇವರು ಕೇಳುವಂತಿಲ್ಲ. ಅಭಿಮಾನಿಯಾದವನಿಗೆ ಇದು ನುಂಗಲಾರದ ತುತ್ತು. ಆದರೆ ಬೇಲಿಯೊಳಗಿನವರಿಗೆ ಇಲ್ಲದ ಒಂದು ಭಾಗ್ಯ ಇವರಿಗಿತ್ತು: ಯಾರ ಅವಸರವೂ ಇಲ್ಲದೆ ಯೋಚಿಸುವ ಬಿಡುವು. ಮಾತನ್ನೂ ಸಂಗೀತವನ್ನೂ ತಂತಿಯ ಮೂಲಕ ಕಳುಹಿಸುವಾಗ ಒಂದು ಸಂಕೇತದಲ್ಲಿ ಎಷ್ಟು ಸುದ್ದಿಯನ್ನು ತುಂಬಬಹುದೆಂಬ ಪ್ರಶ್ನೆಯನ್ನು ಅವರು ಆಗ ಕೈಗೆತ್ತಿಕೊಂಡರು. ಅದರ ಫಲ ೧೯೪೬ರಲ್ಲಿ ಪ್ರಕಟವಾದ ಸಂವಹನ ಸಿದ್ಧಾಂತದ ಪ್ರಬಂಧ. ಅಂದು ಓದಿದವರು ಕಡಮೆ. ಇಂದು ಗಣಕಯಂತ್ರಗಳಿಗೆ ಬೆರಳಚ್ಚನ್ನು ಗುರುತಿಸಲು ಕಲಿಸುವವರು ಗಾಬೋರರ ಹೆಸರನ್ನು ಹೇಳದೆ ಮುಂದುವರಿಯಲಾರರು. ಅದೇ ೧೯೪೬ರಲ್ಲಿ ಅವರು ಬ್ರಿಟಿಷ್ ಪ್ರಜೆಯಾದರು.

ಆ ಮರುವರ್ಷದ ಚಳಿಗಾಲ ಇಂಗ್ಲೆಂಡಿಗೆ ಮರೆಯಲಾಗದಂಥದು. ೧೯೪೭ರ ಜನವರಿಯ ಕೊನೆಯಿಂದ ಮಾರ್ಚಿಯ ನಡುವಿನವರೆಗೆ ಹಿಮ ಬಿಡದೆ ಕವಿಯಿತು. ಕಲ್ಲಿದ್ದಲು ಸಾಗಲಿಲ್ಲ, ಮನೆಗಳ ವಿದ್ಯುತ್ತನ್ನು ದಿನಕ್ಕೆ ಹಲವು ಗಂಟೆ ಕಡಿದರು, ಕಾರ್ಖಾನೆಗಳು ನಿಂತವು. ಯುದ್ಧಕಾಲದಲ್ಲಿಯೂ ಪಡಿತರಕ್ಕೆ ಬೀಳದಿದ್ದ ಬ್ರೆಡ್ಡು, ಯುದ್ಧ ಗೆದ್ದ ಮೇಲೆ ಬಿದ್ದಿತ್ತು. ಹಿಮ ಕರಗಿ ಪ್ರವಾಹ ಬಂದು ಇಳಿದ ಮೇಲೆ, ಏಪ್ರಿಲ್ ೬ಕ್ಕೆ ಈಸ್ಟರ್ ಹಬ್ಬ. ಹಬ್ಬದ ರಜೆಯ ಒಂದು ಹಿತವಾದ ದಿನ ಗಾಬೋರರು ಟೆನಿಸ್ ಅಂಗಳದ ಬಳಿಯ ಬೆಂಚಿನ ಮೇಲೆ ತಮ್ಮ ಸರದಿ ಬರಲೆಂದು ಕಾಯುತ್ತ ಕುಳಿತಿದ್ದರು. ಬಹುಕಾಲದಿಂದ ಕಾಡುತ್ತಿದ್ದ ಪ್ರಶ್ನೆಯೊಂದಕ್ಕೆ ಉತ್ತರ ಅಲ್ಲಿ, ಆ ಬೆಂಚಿನ ಮೇಲೆ, ತಾನಾಗಿ ಹೊಳೆಯಿತು.

ಪ್ರಶ್ನೆ ಇದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪರಮಾಣುವನ್ನು ತೋರಿಸಬಲ್ಲದು, ಆದರೆ ಅದರ ಮಸೂರ ದೋಷಯುಕ್ತ. ದೋಷವುಳ್ಳ ಚಿತ್ರದಲ್ಲಿಯೇ ವಸ್ತುವಿನ ಪೂರ್ಣ ವಿವರವನ್ನು ಸೆರೆಹಿಡಿದು, ಆಮೇಲೆ ಬೆಳಕಿನ ಸಹಾಯದಿಂದ ಅದನ್ನು ತಿದ್ದಿಕೊಳ್ಳಲಾಗದೆ? ಸಾಮಾನ್ಯ ಛಾಯಾಚಿತ್ರ ಬೆಳಕು ಎಷ್ಟು ಪ್ರಖರವಾಗಿದೆಯೆಂಬುದನ್ನು ಮಾತ್ರ ಬರೆದುಕೊಳ್ಳುತ್ತದೆ. ಬಂದ ಅಲೆ ಆ ಕ್ಷಣದಲ್ಲಿ ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಬಿಟ್ಟುಬಿಡುತ್ತದೆ. ಕೆರೆಗೆ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದರೆ ಎರಡು ಅಲೆಗಳೂ ಹೆಣೆದುಕೊಂಡು ನೀರಿನ ಮೇಲೆ ಒಂದು ವಿನ್ಯಾಸ ಮೂಡುತ್ತದಷ್ಟೆ. ಹಾಗೆಯೇ ವಸ್ತುವಿನಿಂದ ಬರುವ ಅಲೆಯ ಜೊತೆಗೆ ಇನ್ನೊಂದು ನಿರ್ಮಲವಾದ ಅಲೆಯನ್ನು ಬೆರೆಸಿ, ಆ ಹೆಣಿಗೆಯನ್ನು ಫಲಕದ ಮೇಲೆ ಹಿಡಿದರೆ, ಬಿಟ್ಟುಹೋದುದೂ ಅದರಲ್ಲಿ ಉಳಿಯುತ್ತದೆ. ಅನಂತರ ಅದೇ ನಿರ್ಮಲವಾದ ಬೆಳಕನ್ನು ಫಲಕದ ಮೇಲೆ ಬಿಟ್ಟರೆ ವಸ್ತುವಿನ ಅಲೆ ಮತ್ತೆ ಎದ್ದು ಬರುತ್ತದೆ. ಪೂರ್ಣ ಎಂಬರ್ಥದ ಗ್ರೀಕ್ ಮಾತಿನಿಂದ ಗಾಬೋರರು ಆ ಫಲಕವನ್ನು ಹೋಲೋಗ್ರಾಮ್ ಎಂದು ಕರೆದರು.

ಹೊಳೆದದ್ದನ್ನು ಮಾಡಿ ತೋರಿಸಬೇಕಲ್ಲ! ಲೇಸರ್ ಇನ್ನೂ ಹುಟ್ಟಿರಲಿಲ್ಲ. ಪಾದರಸದ ದೀಪದ ಬೆಳಕನ್ನು ಮಿಲಿಮೀಟರಿನ ಸಾವಿರದ ಮೂರು ಪಾಲಿನಷ್ಟು ಕಿರಿದಾದ ರಂಧ್ರದಲ್ಲಿ ಹಾಯಿಸಿ, ಸಹಾಯಕರಾದ ಐವರ್ ವಿಲಿಯಮ್ಸರೊಡನೆ ಕೂಡಿ, ಒಂದೊಂದು ಚಿತ್ರಕ್ಕೂ ಹಲವು ನಿಮಿಷ ಕಾದು ಅವರು ಪ್ರಯೋಗ ಮಾಡಿದರು. ಸಾಸುವೆಯಗಲದ ಪಾರದರ್ಶಕ ಚಿತ್ರದಲ್ಲಿ ಅವರು ಬರೆದಿದ್ದುದು ಮೂರು ಹೆಸರುಗಳನ್ನು: ಹೈಗೆನ್ಸ್, ಯಂಗ್, ಫ್ರೆನೆಲ್. ಬೆಳಕು ಅಲೆಯೆಂದು ಲೋಕಕ್ಕೆ ಕಲಿಸಿಕೊಟ್ಟ ಮೂವರು ಹಿರಿಯರು. ಹೊಸ ವಿದ್ಯೆಯ ಮೊದಲ ಅಕ್ಷರಾಭ್ಯಾಸದಲ್ಲಿ ಗುರುಗಳ ಹೆಸರನ್ನು ಬರೆದ ಈ ನಡತೆ ನನಗೆ ತುಂಬ ಮೆಚ್ಚಿಗೆ. ೧೯೪೮ರಲ್ಲಿ ನೇಚರ್ ಪತ್ರಿಕೆ ಇದನ್ನು ಪ್ರಕಟಿಸಿತು.

ಆಮೇಲಿನದು ಹದಿನೈದು ವರ್ಷಗಳ ನಿರಾಶೆ. ೧೯೪೯ರ ಮೊದಲ ದಿನ ಗಾಬೋರರು ಲಂಡನ್ನಿನ ಇಂಪೀರಿಯಲ್ ಕಾಲೇಜನ್ನು ಸೇರಿದರು. ಅಲ್ಲಿಯೇ ಪ್ರಾಧ್ಯಾಪಕರಾಗಿ ೧೯೬೭ರಲ್ಲಿ ನಿವೃತ್ತರಾದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಈ ಉಪಾಯದಿಂದ ತಿದ್ದುವ ಯತ್ನ ಮೂರು ವರ್ಷ ನಡೆದು, ಗುರಿ ಮುಟ್ಟದೆ ನಿಂತಿತು. ತಾವು ಇಪ್ಪತ್ತು ವರ್ಷ ಬೇಗ ಹೊರಟಿದ್ದೆವೆಂದು ಮುಂದೆ ಅವರೇ ತೀರ್ಮಾನಿಸಿದರು. ೧೯೬೦ರಲ್ಲಿ ಲೇಸರ್ ಬಂದಿತು. ಅಮೆರಿಕದಲ್ಲಿ ಲೀತ್ ಮತ್ತು ಉಪಟ್ನೀಕ್ಸ್, ರಷ್ಯದಲ್ಲಿ ಡೆನಿಸ್ಯೂಕ್ ಈ ವಿದ್ಯೆಗೆ ಹೊಸ ಜೀವ ಕೊಟ್ಟರು.

ಅಷ್ಟು ಹೊತ್ತಿಗೆ ಗಾಬೋರರ ಮನಸ್ಸು ಬೇರೆಡೆಗೆ ಹರಿದಿತ್ತು. ೧೯೬೩ರಲ್ಲಿ ಅವರು ಭವಿಷ್ಯವನ್ನು ಕುರಿತು ಒಂದು ಪುಸ್ತಕ ಬರೆದರು. ಮಾನವಕುಲದ ಮುಂದಿರುವ ಅಪಾಯಗಳು ಮೂರೆಂದು ಅವರ ಮತ: ಅಣುಯುದ್ಧ, ಜನಸಂಖ್ಯೆಯ ಹೆಚ್ಚಳ, ಮತ್ತು ಬಿಡುವು. ಮೂರನೆಯದನ್ನು ಓದಿದಾಗ ನನಗೆ ಸೋಜಿಗವಾಯಿತು. ಯಂತ್ರಗಳು ದುಡಿಮೆಯನ್ನೆಲ್ಲ ಮಾಡಿಬಿಟ್ಟರೆ ಕೆಲಸವಿಲ್ಲದ ಸಾಮಾನ್ಯ ಮನುಷ್ಯ ತನ್ನ ಬಿಡುವನ್ನು ತಾಳಲಾರನೆಂದು ಅವರ ಭಯ. ಬೇಲಿಯ ಹೊರಗಿನ ಕೊಠಡಿಯಲ್ಲಿಯೂ ಟೆನಿಸ್ ಅಂಗಳದ ಬೆಂಚಿನ ಮೇಲೆಯೂ ತಮಗೆ ಒಲಿದು ಬಂದದ್ದು ಉಳಿದವರಿಗೆ ಶಾಪವಾದೀತೆಂದು ಅವರೇಕೆ ಎಣಿಸಿದರು? ಈ ವಿಷಯದಲ್ಲಿ ನಾನು ಅವರ ಶಿಷ್ಯನಲ್ಲ. ಆದರೂ ಒಂದು ಮಾತನ್ನು ಅವರ ಪರವಾಗಿ ಹೇಳಬೇಕು: ಮುಗ್ಗಟ್ಟಿನ ಇಂಗ್ಲೆಂಡಿನಲ್ಲಿ ಕೆಲಸಕ್ಕಾಗಿ ಅಲೆದವರು ಅವರು. ತಾನು ಬೇಡವಾದವನೆಂಬ ಭಾವ ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ನೊಬೆಲ್ ಬಹುಮಾನ ಬಂದಾಗ ಅವರಿಗೆ ಎಪ್ಪತ್ತೊಂದು ವರ್ಷ. ೧೯೭೪ರಲ್ಲಿ ಮೆದುಳಿನ ರಕ್ತಸ್ರಾವವಾಗಿ ಓದುವ, ಬರೆಯುವ ಶಕ್ತಿ ಹೋಯಿತು, ಮಾತು ತೊಡಕಾಯಿತು, ಬುದ್ಧಿ ಮಾತ್ರ ಮಸುಕಾಗಲಿಲ್ಲ. ೧೯೭೯ರ ಫೆಬ್ರವರಿ ೯ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ನಲವತ್ತೆರಡು ವರ್ಷಗಳ ದಾಂಪತ್ಯ ಅಲ್ಲಿಗೆ ಮುಗಿಯಿತು.

ಬಹುಮಾನದ ವರ್ಷದಲ್ಲಿ ಅಮೆರಿಕದಲ್ಲಿ ಲೇಸರ್ ಬೆಳಕಿನಿಂದ ಗಾಬೋರರ ಹೋಲೋಗ್ರಾಮ್ ಭಾವಚಿತ್ರವೊಂದನ್ನು ತೆಗೆದರು. ಮೇಜಿನ ಮುಂದೆ ಅವರು ಕುಳಿತಿದ್ದಾರೆ. ನೋಡುವವನು ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ, ಮೇಜಿನ ಮೇಲಿನ ವಸ್ತುಗಳ ಹಿಂದೆ ಮರೆಯಾಗಿದ್ದುದೂ ಕಣ್ಣಿಗೆ ಬೀಳುತ್ತದೆ.