ಬಿಸಿಲಿನಲ್ಲಿ ಗಣಿತ: ಅಲ್‌ ಬೀರೂನಿ ಅವರ ಬದುಕು

ಕ್ರಿ.ಶ. 990ರ ಮಾತು. ಇಂದಿನ ಉಜ್ಬೇಕಿಸ್ತಾನದಲ್ಲಿದ್ದ ಕಾಥ್ ಎಂಬ ಪಟ್ಟಣದಲ್ಲಿ 17 ವರ್ಷದ ಒಬ್ಬ ಹುಡುಗ ನಡುಮಧ್ಯಾಹ್ನ ಬಿಸಿಲಿಗೆ ಬಂದು ಸೂರ್ಯನ ಎತ್ತರವನ್ನು ಅಳೆದ. ಅವನ ಬಳಿ ಇದ್ದದ್ದು ಅರ್ಧ ಡಿಗ್ರಿಗೊಂದರಂತೆ ಗೆರೆ ಹಾಕಿದ ಒಂದು ಬಳೆ ಮಾತ್ರ. ಸೂರ್ಯ ನೆತ್ತಿಗೆ ಎಷ್ಟು ಹತ್ತಿರ ಬಂದ ಎಂಬುದನ್ನು ನೋಡಿ, ತನ್ನ ಊರು ಸಮಭಾಜಕ ವೃತ್ತದಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆ ಎಂದು ಲೆಕ್ಕ ಹಾಕಿದ. ಅದು ನಮ್ಮಲ್ಲಿ ದ್ವಿತೀಯ ಪಿಯುಸಿ ಓದುವವರ ವಯಸ್ಸು. ಆ ಹುಡುಗನೇ ಮುಂದೆ ಅಬೂ ರೈಹಾನ್ ಅಲ್‌ ಬೀರೂನಿ ಎಂದು ಜಗತ್ತಿಗೆ ಪರಿಚಿತರಾದರು.

ಅವರು ಹುಟ್ಟಿದ್ದು 973ರ ಸೆಪ್ಟೆಂಬರಿನಲ್ಲಿ, ಖ್ವಾರಿಜ್ಮ್ ನಾಡಿನಲ್ಲಿ. ಬೀರೂನ್ ಎಂದರೆ ಫಾರ್ಸಿಯಲ್ಲಿ ಹೊರಗೆ ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲೂ ಹೊರದೇಶಕ್ಕೆ ಹೋದವರನ್ನು ಬೈರೂನ್-ಎ-ಮುಲ್ಕ್ ಹೋದರು ಎನ್ನುತ್ತೇವೆ. ಪಟ್ಟಣದ ಹೊರವಲಯದವರು ಎಂಬ ಅರ್ಥದಲ್ಲಿ ಬಂದ ಹೆಸರು ಅದು. ಆದರೆ ಅವರ ಬದುಕನ್ನು ಓದಿದರೆ ಇನ್ನೊಂದು ಅರ್ಥವೂ ಸರಿ ಎನಿಸುತ್ತದೆ. ಅವರು ಮಾಡಿದ ಮುಖ್ಯ ಲೆಕ್ಕಗಳೆಲ್ಲ ಗೋಡೆಯ ಹೊರಗೆ ಶುರುವಾದವು. ಬಿಸಿಲು, ನೆರಳು, ಗ್ರಹಣ, ಬೆಟ್ಟ, ಬಯಲು ಇವೇ ಅವರ ಪಾಠದ ಸಾಮಗ್ರಿ.

ಅವರಿಗೆ ಚಿಕ್ಕಂದಿನಲ್ಲಿ ಒಳ್ಳೆಯ ಗುರು ಸಿಕ್ಕರು. ಅಬೂ ನಸ್ರ್ ಮನ್ಸೂರ್ ಎಂಬ ಗಣಿತಜ್ಞರು ರಾಜಮನೆತನದವರಾಗಿದ್ದೂ ಈ ಹುಡುಗನಿಗೆ ಗಣಿತ ಹೇಳಿಕೊಟ್ಟರು. ಕೊನೆಯವರೆಗೂ ಗುರು ಶಿಷ್ಯರ ಸಂಬಂಧ ಗಟ್ಟಿಯಾಗಿ ಉಳಿಯಿತು. ಆದರೆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 995ರಲ್ಲಿ ಖ್ವಾರಿಜ್ಮ್‌ನಲ್ಲಿ ಅಧಿಕಾರಕ್ಕಾಗಿ ಯುದ್ಧ ನಡೆದು ಕಾಥ್‌ನ ರಾಜಮನೆತನ ಉರುಳಿತು. ಆಗಷ್ಟೇ ಹೊಸ ಸಾಧನ ಸಿದ್ಧಪಡಿಸಿಕೊಂಡು ಅಳತೆ ಆರಂಭಿಸಿದ್ದ 22ರ ತರುಣ ಊರು ಬಿಟ್ಟು ಓಡಬೇಕಾಯಿತು.

ಎರಡು ವರ್ಷದ ನಂತರ ಅವರು ಮತ್ತೆ ಕಾಥ್‌ನಲ್ಲಿದ್ದರು. 997ರ ಮೇ 24ರಂದು ಚಂದ್ರಗ್ರಹಣವಿತ್ತು. ಬಗ್ದಾದ್‌ನಲ್ಲಿದ್ದ ಅಬುಲ್ ವಫಾ ಎಂಬ ಹಿರಿಯ ಗಣಿತಜ್ಞರೊಂದಿಗೆ ಅವರು ಮೊದಲೇ ಮಾತು ಮಾಡಿಕೊಂಡಿದ್ದರು. ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಒಂದೇ ಗ್ರಹಣವನ್ನು ನೋಡಿ ಸಮಯ ಬರೆದಿಡಬೇಕು. ಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ, ಆದರೆ ಪ್ರತಿ ಊರಿನ ಸ್ಥಳೀಯ ಸಮಯ ಬೇರೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಎರಡೂ ಊರುಗಳ ಸಮಯದ ವ್ಯತ್ಯಾಸ ಸುಮಾರು ಒಂದು ಗಂಟೆ ಬಂತು. ಅದರಿಂದ ರೇಖಾಂಶದ ವ್ಯತ್ಯಾಸ ತಿಳಿಯಿತು. ಫೋನ್ ಇಲ್ಲದ ಕಾಲದಲ್ಲಿ ಚಂದ್ರನನ್ನೇ ಗಡಿಯಾರ ಮಾಡಿಕೊಂಡ ಇಬ್ಬರು ಸ್ನೇಹಿತರ ಕೆಲಸ ಇದು. ನಾವು ಇದರಲ್ಲಿ ಬಳಸಿದ್ದು ಕೇವಲ ಭಾಗಾಕಾರ ಎಂಬುದನ್ನು ಗಮನಿಸಿ.

ಮುಂದೆ ಕೆಲವು ವರ್ಷ ಅವರು ಕ್ಯಾಸ್ಪಿಯನ್ ಸಮುದ್ರದ ಬಳಿಯ ಜುರ್ಜಾನ್‌ನಲ್ಲಿದ್ದು, ಬೇರೆ ಬೇರೆ ಜನಾಂಗಗಳ ಪಂಚಾಂಗಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ನಂತರ ತಾಯ್ನಾಡಿಗೆ ಮರಳಿದರು. 1017ರಲ್ಲಿ ಘಜ್ನಿಯ ಸುಲ್ತಾನ್ ಮಹಮೂದ್ ಖ್ವಾರಿಜ್ಮನ್ನು ಗೆದ್ದುಕೊಂಡು, ಇತರ ವಿದ್ವಾಂಸರ ಜೊತೆ ಇವರನ್ನೂ ಘಜ್ನಿಗೆ ಕರೆದೊಯ್ದ. ಅಲ್ಲಿ ಅವರು ಅತಿಥಿಯೋ ಬಂದಿಯೋ ಎಂದು ಹೇಳುವುದು ಕಷ್ಟ.

ಮರುವರ್ಷ, ಅಂದರೆ 1018ರ ಅಕ್ಟೋಬರಿನಲ್ಲಿ, ಅವರು ಕಾಬೂಲ್ ಹತ್ತಿರದ ಒಂದು ಹಳ್ಳಿಯಲ್ಲಿದ್ದರು. ಸೂರ್ಯನ ಎತ್ತರ ಅಳೆಯಬೇಕು, ಆದರೆ ಕೈಯಲ್ಲಿ ಒಂದೂ ಸಾಧನ ಇರಲಿಲ್ಲ. ಅವರು ಲೆಕ್ಕ ಬರೆಯುವ ಹಲಗೆಯನ್ನು ತಿರುಗಿಸಿ, ಅದರ ಹಿಂಬದಿಯಲ್ಲಿ ವೃತ್ತದ ಒಂದು ಭಾಗ ಬರೆದು ಡಿಗ್ರಿಗಳ ಗೆರೆ ಎಳೆದರು. ಗಾರೆಯವರು ಬಳಸುವಂತಹ ತೂಗುಗುಂಡನ್ನು ಅದಕ್ಕೆ ಇಳಿಬಿಟ್ಟರು. ಅಷ್ಟರಿಂದಲೇ ಆ ಸ್ಥಳದ ಅಕ್ಷಾಂಶ ಕಂಡುಹಿಡಿದರು. ನಮ್ಮ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕಕ್ಕೆ ಒಂದು ದಾರ, ದಾರದ ತುದಿಗೆ ಒಂದು ಕಲ್ಲು ಕಟ್ಟಿದರೆ ಆಗುವುದು ಅದೇ ಸಾಧನ. ಊರು ಕೈತಪ್ಪಿದ, ಪ್ರಯೋಗಶಾಲೆ ಇಲ್ಲದ ಮನುಷ್ಯ ಹೀಗೆ ಕೆಲಸ ಮುಂದುವರಿಸಿದರು.

ಭೂಮಿಯ ಗಾತ್ರ ತಿಳಿಯಬೇಕೆಂಬ ಆಸೆ ಅವರಿಗೆ ಬಹಳ ಹಿಂದಿನಿಂದ ಇತ್ತು. ಅವರಿಗಿಂತ ಸುಮಾರು 200 ವರ್ಷ ಮೊದಲು ಖಲೀಫಾ ಮಾಮೂನ್ ಕಾಲದಲ್ಲಿ ತಜ್ಞರ ಗುಂಪುಗಳು ಬಯಲಿನಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಒಂದೊಂದು ಡಿಗ್ರಿಯಷ್ಟು ನಡೆದು ಆ ದೂರವನ್ನು ಅಳೆದಿದ್ದವು. ಅದನ್ನು ಮತ್ತೆ ಮಾಡಲು ಬೀರೂನಿ ಜುರ್ಜಾನ್ ಬಳಿ ಬಯಲನ್ನೂ ನೋಡಿಟ್ಟಿದ್ದರು. ನೆರವು ನೀಡುವವರು ಸಿಗದೆ ಅದು ಕೈಗೂಡಲಿಲ್ಲ. ಆಮೇಲೆ ನಂದನಾ ಕೋಟೆಗೆ ಬಂದಾಗ (ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿದೆ) ಅವರಿಗೆ ಬೇರೆ ದಾರಿ ಹೊಳೆಯಿತು. ಅಲ್ಲಿ ಎದುರಿಗೆ ವಿಶಾಲ ಬಯಲು, ಪಕ್ಕದಲ್ಲಿ ಎತ್ತರದ ಬೆಟ್ಟ.

ಮೊದಲು ಬಯಲಿನ ಎರಡು ಜಾಗಗಳಲ್ಲಿ ನಿಂತು ಬೆಟ್ಟದ ತುದಿ ಎಷ್ಟು ಕೋನದಲ್ಲಿ ಕಾಣುತ್ತದೆ ಎಂದು ನೋಡಿ ಬೆಟ್ಟದ ಎತ್ತರ ಲೆಕ್ಕ ಹಾಕಿದರು. ಅದು ಸುಮಾರು 652 ಮೊಳ. ನಂತರ ತುದಿಗೆ ಹತ್ತಿ, ಆಕಾಶ ನೆಲವನ್ನು ಮುಟ್ಟುವ ಗೆರೆಯನ್ನು ನೋಡಿದರು. ಭೂಮಿ ಗುಂಡಾಗಿರುವುದರಿಂದ ಆ ಗೆರೆ ನಮ್ಮ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರುತ್ತದೆ. ಆ ಇಳಿಕೆ 34 ಕಲೆ, ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಈಗ ಬೆಟ್ಟದ ತುದಿ, ದಿಗಂತದ ಬಿಂದು, ಭೂಮಿಯ ಕೇಂದ್ರ ಈ ಮೂರನ್ನು ಸೇರಿಸಿದರೆ ಒಂದು ಲಂಬಕೋನ ತ್ರಿಭುಜ. ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು, ಭೂಮಿಯ ತ್ರಿಜ್ಯ ಸಿಗುತ್ತದೆ. ಅವರ ಉತ್ತರವನ್ನು ಕಿಲೋಮೀಟರಿಗೆ ತಂದಾಗ ಅದು ಇಂದಿನ ಅಳತೆಗೆ ಹತ್ತಿರ ಬರುತ್ತದೆ. ಎಷ್ಟು ಹತ್ತಿರ ಎಂಬುದು ಮೊಳದ ಉದ್ದವನ್ನು ಎಷ್ಟೆಂದು ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿದೆ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಕೋನದಲ್ಲೂ ಸ್ವಲ್ಪ ವ್ಯತ್ಯಾಸ ಆಗುತ್ತದೆ. ಆದರೆ ಒಬ್ಬ ಮನುಷ್ಯ ಒಂದು ಬೆಟ್ಟದ ಮೇಲೆ ನಿಂತು ಇಡೀ ಭೂಮಿಯನ್ನು ಅಳೆಯಬಹುದು ಎಂಬ ವಿಧಾನ ಇಂದಿಗೂ ಸರಿ.

ಘಜ್ನಿಯಲ್ಲಿದ್ದಾಗ ಅವರು ನಡುವಯಸ್ಸಿನಲ್ಲಿ ಸಂಸ್ಕೃತ ಕಲಿತರು. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಗ್ರಂಥದಲ್ಲಿ ಇಲ್ಲಿನ ಗಣಿತ, ಖಗೋಳ, ಅಳತೆ, ಆಚಾರಗಳನ್ನು ವಿವರಿಸಿದರು. ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಮಾಡಿದವು, ವಿದ್ವಾಂಸರು ದೂರದ ಊರುಗಳಿಗೆ ಹೋಗಿಬಿಟ್ಟರು ಎಂದು ಅದೇ ಪುಸ್ತಕದಲ್ಲಿ ಬರೆಯುವ ಧೈರ್ಯವೂ ಅವರಿಗಿತ್ತು. ಮುಲ್ತಾನ್, ಸಿಯಾಲ್‌ಕೋಟ್, ಪೇಶಾವರ ಮುಂತಾದ ಊರುಗಳ ಅಕ್ಷಾಂಶವನ್ನು ಸ್ವತಃ ಅಳೆದು ಅದರಲ್ಲಿ ಕೊಟ್ಟಿದ್ದಾರೆ. ಭಾರತದ ಲಿಪಿಗಳ ಪಟ್ಟಿಯಲ್ಲಿ ಕರ್ಣಾಟ ದೇಶದ ಲಿಪಿಯನ್ನೂ ಹೆಸರಿಸಿ, ಸೈನ್ಯಗಳಲ್ಲಿ ಕನ್ನರ ಎನಿಸಿಕೊಂಡ ಪಡೆಯವರು ಆ ನಾಡಿನವರು ಎಂದಿದ್ದಾರೆ. ಸಾವಿರ ವರ್ಷದ ಹಿಂದೆ ಅಷ್ಟು ದೂರದ ಪುಸ್ತಕವೊಂದರಲ್ಲಿ ನಮ್ಮ ನಾಡಿನ ಹೆಸರು ಓದಿದರೆ ಖುಷಿಯಾಗುತ್ತದೆ.

ನೆರಳಿನ ಮೇಲೆಯೇ ಅವರು ಒಂದು ಇಡೀ ಗ್ರಂಥ ಬರೆದರು. ಹತ್ತನೇ ತರಗತಿಯಲ್ಲಿ ನಾವು ಬಾಯಿಪಾಠ ಮಾಡುವ ಟ್ಯಾನ್ ಎಂಬುದಕ್ಕೆ ಅರಬ್ಬಿಯಲ್ಲಿ ಝಿಲ್ಲ್ ಎಂದೇ ಹೆಸರು, ಅಂದರೆ ನೆರಳು. ಹಳೆಯ ಸಿನಿಮಾಗಳಲ್ಲಿ ಬಾದಷಹನನ್ನು ಝಿಲ್ಲೆ ಇಲಾಹಿ ಎಂದು ಕರೆಯುತ್ತಾರಲ್ಲ, ಅದೇ ಪದ. ಅಸರ್ ನಮಾಜಿನ ಸಮಯವೂ ನೆರಳಿನಿಂದಲೇ ತಿಳಿಯುತ್ತದೆ. ಮಧ್ಯಾಹ್ನದ ನೆರಳಿಗೆ ವಸ್ತುವಿನ ಉದ್ದ ಸೇರಿದಾಗ ಶಾಫಿಯವರ ಅಸರ್, ಎರಡು ಪಟ್ಟು ಸೇರಿದಾಗ ಹನಫಿಯವರ ಅಸರ್. ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯ ಹಿಂದೆ ಈ ಗಣಿತವಿದೆ. ರೂಮಿ ತಿಂಗಳುಗಳ ಹೆಸರು ಬರೆದಿದೆ ಎಂಬ ಕಾರಣಕ್ಕೆ ಸಮಯ ತೋರಿಸುವ ಸಾಧನವನ್ನೇ ಬೇಡವೆಂದ ಒಬ್ಬರ ಪ್ರಸಂಗವನ್ನೂ ಅವರು ದಾಖಲಿಸಿದ್ದಾರೆ. ರೂಮಿನವರು ಊಟವನ್ನೂ ಮಾಡುತ್ತಾರೆ, ಹಾಗಾದರೆ ಅದನ್ನೂ ಬಿಟ್ಟುಬಿಡಿ ಎಂಬುದು ಅದಕ್ಕೆ ಸಿಕ್ಕ ಉತ್ತರ.

ಕಲಿಸುವವರಾಗಿ ಅವರು ಹೇಗಿದ್ದರು ಎಂಬುದಕ್ಕೆ 1029ರಲ್ಲಿ ಬರೆದ ಅತ್‌ತಫ್‌ಹೀಮ್ ಎಂಬ ಪುಸ್ತಕ ಸಾಕ್ಷಿ. ಅದನ್ನು ಬರೆದದ್ದು ಹಸನ್ ಎಂಬುವರ ಮಗಳು ರೈಹಾನಾಳಿಗಾಗಿ. ತಫ್‌ಹೀಮ್ ಎಂದರೆ ತಿಳಿಯಪಡಿಸುವುದು. ಇಡೀ ಪುಸ್ತಕ ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿದೆ. 500ಕ್ಕೂ ಹೆಚ್ಚು ಪ್ರಶ್ನೆಗಳು. ಮೊದಲು ರೇಖಾಗಣಿತ, ನಂತರ ಅಂಕಗಣಿತ, ಆಮೇಲೆ ಆಕಾಶ. ನಮ್ಮ ಪಠ್ಯಪುಸ್ತಕಗಳು ಬಿಂದುವಿನಿಂದ ಆರಂಭವಾಗುತ್ತವೆ. ಆದರೆ ಬಿಂದುವನ್ನು ಯಾರೂ ಕಂಡಿಲ್ಲ, ಮುಟ್ಟಿಲ್ಲ. ಬೀರೂನಿ ಕೈಯಿಂದ ಮುಟ್ಟಬಹುದಾದ ಘನವಸ್ತುವಿನಿಂದ ಆರಂಭಿಸಿ, ಅದರ ಮೇಲ್ಮೈ, ಮೇಲ್ಮೈಯ ಅಂಚಾದ ಗೆರೆ, ಗೆರೆಯ ತುದಿಯಾದ ಬಿಂದು ಹೀಗೆ ಇಳಿದು ಬರುತ್ತಾರೆ. ಒಂದು ಇಟ್ಟಿಗೆ ಕೈಗೆ ಕೊಟ್ಟು ಪಾಠ ಆರಂಭಿಸಿದಂತೆ.

1048ರ ಸುಮಾರಿಗೆ ಅವರು ಘಜ್ನಿಯಲ್ಲಿ ತೀರಿಕೊಂಡರು. ಕೊನೆಯ ದಿನದ ಬಗ್ಗೆ ಯಾಕೂತ್ ಎಂಬ ಲೇಖಕ ದಾಖಲಿಸಿದ ಒಂದು ಕಥೆಯಿದೆ. ನೋಡಲು ಬಂದ ಕಾನೂನು ಪಂಡಿತರ ಬಳಿ ಬೀರೂನಿ, ತಾಯಿಯ ಕಡೆಯ ಅಜ್ಜಿಯರಿಗೆ ಆಸ್ತಿಯಲ್ಲಿ ಪಾಲು ಹಂಚುವ ಲೆಕ್ಕವೊಂದನ್ನು ಕೇಳಿದರಂತೆ. ಈ ಸ್ಥಿತಿಯಲ್ಲಿ ಏಕೆ ಎಂದು ಅವರು ಮರುಗಿದಾಗ, ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲು ಎಂದು ಹೇಳಿ ಲೆಕ್ಕ ಕಲಿತರಂತೆ. ಪಂಡಿತರು ಮನೆಯಿಂದ ಬೀದಿಗೆ ಇಳಿಯುತ್ತಿದ್ದಂತೆ ಒಳಗಿನಿಂದ ಅಳುವ ಧ್ವನಿ ಕೇಳಿಸಿತು. ಪಾಲುದಾರಿಕೆಯ ಲೆಕ್ಕ ಮಾಡುವ ನಮ್ಮ ವಾಣಿಜ್ಯ ವಿಭಾಗದವರು ಈ ಕಥೆಯನ್ನು ಮರೆಯಲಾರರು.

ಸ್ನೇಹಿತರೇ, ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ನಮ್ಮ ವಿಭಾಗದಲ್ಲಿ ಗಣಿತಕ್ಕೆ ಹೆದರಿ ಬಂದವರು ಅನೇಕರಿದ್ದಾರೆ. ಆ ಹೆದರಿಕೆ ಪಿಯುಸಿಯಲ್ಲಿ ಹುಟ್ಟಿದ್ದಲ್ಲ. 8, 9ನೇ ತರಗತಿಯಲ್ಲೇ ಗಣಿತ ನನಗಲ್ಲ ಎಂದು ಮಗು ತೀರ್ಮಾನಿಸಿಬಿಡುತ್ತದೆ. 8ನೇ ತರಗತಿಯ ನನ್ನ ತಮ್ಮನಿಗೆ ಕೋನಮಾಪಕ, ದಾರ, ಕಲ್ಲು ಕೊಟ್ಟು ಬೀದಿಯ ತೆಂಗಿನಮರದ ಎತ್ತರ ಹೇಳು ಎಂದೆ. ಮರದ ತುದಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಹಿಂದೆ ನಡೆದ. ಅಲ್ಲಿಂದ ಮರದ ಬುಡಕ್ಕಿರುವ ದೂರಕ್ಕೆ ತನ್ನ ಕಣ್ಣಿನ ಎತ್ತರ ಕೂಡಿಸಿದ. ಮರುದಿನ ಅವನ ಜೊತೆ ಬೀದಿಯ ಇನ್ನೂ ನಾಲ್ಕು ಮಕ್ಕಳಿದ್ದರು. ನೀರಿನ ಟ್ಯಾಂಕ್ ಎಷ್ಟೆತ್ತರ ಎಂದು ಅವರಲ್ಲೇ ವಾದ ನಡೆಯುತ್ತಿತ್ತು.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ಹಗಲು ರಾತ್ರಿ ಸಮನಾಗುವ ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಪಕ್ಕದ ಪ್ರೌಢಶಾಲೆಯ ಮಕ್ಕಳನ್ನು ನಮ್ಮ ಮೈದಾನಕ್ಕೆ ಕರೆಯೋಣ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, 11.45ರಿಂದ 12.45ರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು. ಅತಿ ಚಿಕ್ಕ ನೆರಳೇ ನಮಗೆ ಬೇಕಾದದ್ದು. ಆ ದಿನ ಸೂರ್ಯ ಸಮಭಾಜಕ ವೃತ್ತದ ಮೇಲೆ ಇರುವುದರಿಂದ, ನೆರಳಿನಿಂದ ಸಿಗುವ ಕೋನವೇ ನಮ್ಮ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ನೆರಳು ಸುಮಾರು 23 ಸೆಂಟಿಮೀಟರ್, ಬೀದರ್‌ನಲ್ಲಿ ಸುಮಾರು 32 ಸೆಂಟಿಮೀಟರ್ ಬರಬೇಕು. ಕೋನ ಮಾಡಿದರೆ ಸುಮಾರು 13 ಮತ್ತು 18 ಡಿಗ್ರಿ. ಈ ಎರಡು ಊರುಗಳು ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ, ನೇರ ದೂರ ಸುಮಾರು 550 ಕಿಲೋಮೀಟರ್. 5 ಡಿಗ್ರಿಗೆ 550 ಆದರೆ 360 ಡಿಗ್ರಿಗೆ ಎಷ್ಟು? ಅದು ಭೂಮಿಯ ಸುತ್ತಳತೆ. ಬೀದರ್ ಕಡೆಯ ಸ್ನೇಹಿತರೊಬ್ಬರು, ಬೆಂಗಳೂರು ಕಡೆಯವರೊಬ್ಬರು ಆ ಮಧ್ಯಾಹ್ನ ತಮ್ಮ ಅಂಗಳದ ನೆರಳನ್ನು ಅಳೆದು ಫೋನಿನಲ್ಲಿ ತಿಳಿಸಿದರೆ ಸಾಕು. ಉಳಿದ ತ್ರೈರಾಶಿಯನ್ನು 8ನೇ ತರಗತಿಯ ಮಕ್ಕಳು ಮಾಡುತ್ತಾರೆ.